ಗೋಡೆಯ ಮೇಲಿನ ತುತ್ತು

ಕಡೂರಿನ ಆ ಬಾಡಿಗೆ ಮನೆಯನ್ನು ನೆನೆದರೆ ಈಗಲೂ ಮೊದಲು ಬರುವುದು ಸಿಟ್ಟು, ಉಳಿದದ್ದೆಲ್ಲ ಆಮೇಲೆ. ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ ಹೆಂಚಿನ ಮನೆ, ಹಿತ್ತಲಿಗೆ ಎದೆಮಟ್ಟದ ಗೋಡೆ, ಗೋಡೆಯಾಚೆ ಕೊಬ್ಬರಿ ಸಾಹುಕಾರರ ತಾರಸಿ ಮನೆ. ಎಪ್ಪತ್ತರ ದಶಕದ ಕೊನೆಯಲ್ಲಿ ನಾವು ಅಲ್ಲಿಗೆ ಬಂದೆವು. ನಮ್ಮ ಯಜಮಾನರು ಅಜ್ಜಂಪುರದ ಕಡೆ ಓಡುವ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್. ಅವರು ಮೊದಲ ಟ್ರಿಪ್ಪಿಗೆ ಹೊರಟ ಮೇಲೆ ನಾನು ಅನ್ನ ಬಾಗಿಸಿ, ನನ್ನ ಬಾಯಿಗೆ ಒಂದು ಅಗುಳು ಹಾಕುವ ಮುಂಚೆ ಒಂದು ಹಿಡಿ ತೆಗೆದು ಹಿತ್ತಲ ಗೋಡೆಯ ಮೇಲೆ ಇಡುತ್ತಿದ್ದೆ. ಹಿತ್ತಾಳೆ ಬಟ್ಟಲಿಗೆ ಸೌಟಿನಿಂದ ಬಡಿದರೆ ಸಾಕು, ಎಲ್ಲೆಲ್ಲಿಂದಲೋ ಕಾಗೆಗಳು ಬಂದು ಇಳಿಯುತ್ತಿದ್ದವು. ಅವು ತಿಂದು ಬಿಟ್ಟದ್ದಕ್ಕೆ ಗೊರವಂಕಗಳು, ಗುಬ್ಬಿಗಳು.

ಪುಣ್ಯ ಬರಲಿ ಎಂದು ಹಾಕುತ್ತಾಳೆ ಅಂತ ಬೀದಿಯವರು ತಿಳಿದಿದ್ದರು. ಪುಣ್ಯ ಕಟ್ಟಿಕೊಂಡು ನಾನೇನು ಮಾಡಲಿ? ಅದು ನನ್ನ ಅವ್ವನ ತುತ್ತು.

ಅವ್ವನಿಗೆ ನಾನು ಒಬ್ಬಳೇ ಮಗಳು. ಅವಳು ಅಂತರಘಟ್ಟೆಯ ಪಕ್ಕದ ನಮ್ಮ ಹಳ್ಳಿಯಲ್ಲಿ ತೀರಿಕೊಂಡದ್ದು ನಾವು ಕಡೂರಿಗೆ ಬರುವ ಸ್ವಲ್ಪ ಮುಂಚೆ. ಬಂದ ವರ್ಷವೇ ಪಿತೃಪಕ್ಷದ ಅಮಾವಾಸ್ಯೆಗೆ ನಾನೇ ಎಡೆ ಇಡುತ್ತೇನೆಂದು ಹೋಗಿದ್ದೆ. ಸತ್ತವರಿಗೆ ಇಷ್ಟವಾದದ್ದನ್ನು ಮಾಡಿ ಎಲೆಗೆ ಬಡಿಸಿ ಮಾಡಿನ ಮೇಲಿಡುವುದು, ಕಾಗೆ ಮುಟ್ಟಿದ ಮೇಲೆ ಮನೆಯವರು ಉಣ್ಣುವುದು ನಮ್ಮ ಕಡೆಯ ಪದ್ಧತಿ. ಅವ್ವನಿಗೆ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಎಂದರೆ ಪ್ರಾಣ. ಅದನ್ನೇ ಮಾಡಿ ಎಲೆ ಹಿಡಿದು ಹೊರಟರೆ ದೊಡ್ಡಪ್ಪನ ಮಗ ಬಾಗಿಲಿಗೆ ಅಡ್ಡ ನಿಂತ.

“ಕೊಟ್ಟ ಹೆಣ್ಣು ಎಡೆ ಇಡಂಗಿಲ್ಲ ಕಣಮ್ಮ. ನೀನು ಈಗ ಆ ಮನೆಯೋಳು. ನೀನಿಟ್ರೆ ಹಿರೀಕ್ರು ಮುಟ್ಟಲ್ಲ.”

“ನನ್ನ ಹೆತ್ತೋಳು, ನಾನಿಟ್ರೆ ಮುಟ್ಟಲ್ವಾ?”

“ಮುಟ್ಟಲ್ಲ. ಗಂಡಸ್ರು ಇಡ್ಬೇಕು, ಮನೆಯೋರು ಇಡ್ಬೇಕು. ಶಾಸ್ತ್ರ ಅಂದ್ರೆ ಶಾಸ್ತ್ರ.”

ಎಲೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಅವನೇ ಇಟ್ಟ. ಅವ್ವ ಹಾಸಿಗೆ ಹಿಡಿದಾಗ ಒಂದು ಲೋಟ ನೀರು ಕೊಡಲು ಬಾರದಿದ್ದವನು! ನಡುಮನೆಯಲ್ಲಿ ಕೂತಿದ್ದ ಹಿರಿಯರೆಲ್ಲ ಸರಿ ಸರಿ ಎಂದು ತಲೆಯಾಡಿಸಿದರು. ನಾನು ಅಲ್ಲಿ ಉಣ್ಣದೆ ಬಸ್ಸು ಹತ್ತಿದೆ. ವರ್ಷಕ್ಕೊಂದು ದಿನ ಇಡಬಾರದು ತಾನೆ, ದಿನಾ ಇಡುತ್ತೇನೆ, ಯಾವನು ಬಂದು ಎಲೆ ಕಿತ್ತುಕೊಳ್ಳುತ್ತಾನೋ ನೋಡೇಬಿಡೋಣ ಎಂದುಕೊಂಡೆ. ಗೋಡೆಯ ಮೇಲಿನ ತುತ್ತು ಶುರುವಾದದ್ದು ಹಾಗೆ.

ಕಿತ್ತುಕೊಳ್ಳುವವರು ಪಕ್ಕದಲ್ಲೇ ಇದ್ದರು. ಸಾಹುಕಾರರ ಉಂಡೆ ಕೊಬ್ಬರಿ ಅಟ್ಟದ ಮೇಲೆ ಭದ್ರವಾಗಿತ್ತು. ಎಣ್ಣೆಗೆ ಹೋಗುವ ಚೂರು ಕೊಬ್ಬರಿಯನ್ನು ಮಾತ್ರ ತಾರಸಿಯ ಮೇಲೆ ಒಣಹಾಕುತ್ತಿದ್ದರು. ಕಾಗೆಗಳು ಅದಕ್ಕೂ ಬಾಯಿ ಹಾಕುತ್ತಿದ್ದವು, ಇಲ್ಲವೆನ್ನುವುದಿಲ್ಲ. ಕಣ್ಣೆದುರು ಕೊಬ್ಬರಿ ಹರವಿಕೊಂಡಿದ್ದರೆ ಮುಖ ತಿರುಗಿಸಿ ಹೋಗಲು ಕಾಗೆಯೇನು ಉಪವಾಸ ಹಿಡಿದಿತ್ತೇ? ಒಂದು ಬೆಳಿಗ್ಗೆ ಅವರು ಗೋಡೆಯ ಹತ್ತಿರ ಬಂದು ನಿಂತರು.

“ಏನಮ್ಮಾ, ನಿನ್ನ ಕಾಗೆಗಳಿಗೆ ಒಸಿ ಬುದ್ಧಿ ಹೇಳು. ನೀನು ಊಟಕ್ಕೆ ಕರೀತೀಯ, ಅವು ನಮ್ಮನೇಲಿ ಉಂಡು ಹೋಯ್ತವೆ.”

“ಕಾಗೆ ಏನು ನನ್ನ ಹೆಸ್ರಿಗೆ ಖಾತೆ ಆಗೈತಾ ಸಾಹುಕಾರ್ರೆ? ಕೊಬ್ಬರಿ ಮೇಲೆ ಒಂದು ಬಲೆ ಹೊದಿಸಿ, ಎಲ್ಲಾ ಸರಿಹೋಯ್ತದೆ.”

ಹೆಂಗಸಿನಿಂದ, ಅದೂ ಬಾಡಿಗೆ ಮನೆಯ ಹೆಂಗಸಿನಿಂದ ಬುದ್ಧಿ ಹೇಳಿಸಿಕೊಂಡದ್ದು ಅವರಿಗೆ ಹಿಡಿಸಲಿಲ್ಲ. ಬಸ್‌ಸ್ಟ್ಯಾಂಡಿಗೆ ಹೋಗಿ ನಮ್ಮ ಯಜಮಾನರನ್ನು ಹಿಡಿದು ದೂರು ಹೇಳಿದರು. ಇವರೋ, ಬಸ್ಸಿನಲ್ಲಿ ಚಿಲ್ಲರೆ ಕೇಳುವಾಗಲೂ ದನಿ ಎತ್ತದ ಮನುಷ್ಯ. “ನಮಗ್ಯಾಕೆ ಬೇಕು ದೊಡ್ಡೋರ ಸಹವಾಸ? ಬಿಟ್ಬಿಡೇ” ಎಂದರು. ನಾನು ಬಿಡಲಿಲ್ಲ. ಸಾಹುಕಾರರು ಗೋಡೆಯ ಮೇಲೆಲ್ಲ ಲಾರಿಯ ಹಳೇ ಆಯಿಲ್ ಬಳಿಸಿದರು. ಬೂದಿ ಹಾಕಿ ತಿಕ್ಕಿ ತೊಳೆದು, ಅದೇ ಜಾಗದಲ್ಲಿ ತುತ್ತಿಟ್ಟೆ.

ಆಮೇಲೆ ಭಾದ್ರಪದದಲ್ಲಿ ಒಂದು ದಿನ ಸಾಹುಕಾರರು ಕಲ್ಲು ಬೀಸಿ ಒಂದು ಕಾಗೆಯನ್ನು ಕೊಂದೇಬಿಟ್ಟರು. ಕೊಂದು ಸುಮ್ಮನಾಗಲಿಲ್ಲ. ಹೊಲದಲ್ಲಿ ಮಾಡುವ ಹಾಗೆ ಅದರ ಕಾಲಿಗೆ ದಾರ ಕಟ್ಟಿ, ಬಿದಿರು ಗಳುವಿಗೆ ತಲೆಕೆಳಗಾಗಿ ನೇತುಹಾಕಿ, ಗಳುವನ್ನು ನಮ್ಮ ಹಿತ್ತಲ ಕಡೆಗೇ ನಿಲ್ಲಿಸಿದರು. ಬೀದಿಯ ಕಾಗೆಗಳೆಲ್ಲ ಸೇರಿ ಆ ದಿನವಿಡೀ ಕಿರುಚಿದವು. ಮಾರನೆಯ ದಿನ ಒಂದೂ ಇಲ್ಲ. ಬಟ್ಟಲು ಬಡಿದೆ, ಸೌಟು ಸೊಟ್ಟಗಾಗುವಷ್ಟು ಬಡಿದೆ. ಗೋಡೆಯ ಮೇಲೆ ಅನ್ನ ಒಣಗಿತು, ಇರುವೆ ಹತ್ತಿತು. ಆ ಒಣಗಿದ ಅನ್ನವನ್ನು ಗುಡಿಸುವಾಗ ನನಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು. ಅಲ್ಲಿ ಅವನು ಎಲೆ ಕಿತ್ತುಕೊಂಡ, ಇಲ್ಲಿ ಇವನು ಕಾಗೆಯನ್ನೇ ಇಲ್ಲವಾಗಿಸಿದ. ನನ್ನ ಅವ್ವನಿಗೆ ಒಂದು ತುತ್ತು ಹಾಕಲು ನಾನು ಇನ್ನೆಷ್ಟು ಗಂಡಸರ ಅಪ್ಪಣೆ ಕೇಳಬೇಕಿತ್ತು?

ಆದರೆ ಕೊಬ್ಬರಿಯ ಲೆಕ್ಕದಲ್ಲಿ ಮುಳುಗಿದ್ದ ಸಾಹುಕಾರರು ಒಂದು ಮರೆತಿದ್ದರು. ಪಕ್ಷದ ಅಮಾವಾಸ್ಯೆ ಹತ್ತಿರದಲ್ಲೇ ಇತ್ತು, ಅವರೂ ಅಪ್ಪನಿಗೆ ಎಡೆ ಇಡುವವರೇ.

ಆ ದಿನ ಬೆಳಗಿನಿಂದ ಅವರ ತಾರಸಿಯಲ್ಲಿ “ಕಾ, ಕಾ” ಎಂದು ಮನೆಮಂದಿಯೆಲ್ಲ ಕೂಗುವುದು ಕೇಳುತ್ತಿತ್ತು. ಕೂಗಿ, ಗಂಟಲು ಹರಿದುಹೋಗಲಿ ಎಂದುಕೊಂಡೆ. ನಮ್ಮ ಯಜಮಾನರ ಮನೆತನದ ಎಡೆ ಹಿರೇನಲ್ಲೂರಿನಲ್ಲಿ ಭಾವನ ಮನೆಯಲ್ಲಿ ಆಗುತ್ತಿತ್ತು. ಹಬ್ಬದ ದಿನ ಬಸ್ಸಿಗೆ ಜನ ಹೆಚ್ಚು ಎಂದು ಇವರು ಡ್ಯೂಟಿಗೆ ಹೋಗಿದ್ದರು. ನಾನೊಬ್ಬಳೇ ಕೂತು, ಬರುವ ಕಾಗೆ ಇಲ್ಲದಿದ್ದರೂ, ರಾಗಿ ರೊಟ್ಟಿ ತಟ್ಟಿ ಚಟ್ನಿ ಅರೆದಿಟ್ಟಿದ್ದೆ. ಹೊತ್ತು ನೆತ್ತಿ ದಾಟಿದ ಮೇಲೆ ಗೋಡೆಯ ಆಚೆಯಿಂದ ಯಾರೋ ಕರೆದರು. ಸಾಹುಕಾರರ ತಾಯಿ. ಸಕ್ಕರೆ ಕಾಯಿಲೆಯ ಮುದುಕಿ, ಬೆಳಗಿನಿಂದ ಹೊಟ್ಟೆಗಿಲ್ಲದೆ ಗೋಡೆ ಹಿಡಿದು ನಿಂತಿದ್ದರು.

“ನೀನು ಬಟ್ಟಲು ಬಡಿದ್ರೆ ಬತ್ತವಂತಲ್ಲ ಮಗಾ, ಒಂದ್ಸಲ ಬಡಿಯವ್ವ. ನಮ್ಮೆಜಮಾನ್ರು ಉಣ್ಣದೆ ನಾನೆಂಗೆ ಉಣ್ಲಿ?”

ಆ ತಾಯಿಯ ಮೇಲೆ ನನಗೆ ಸಿಟ್ಟಿರಲಿಲ್ಲ. ಅವರ ಬೆನ್ನ ಹಿಂದೆ ತಲೆ ತಗ್ಗಿಸಿ ನಿಂತಿದ್ದ ಮಗನ ಮೇಲಿತ್ತು.

“ಮೊದ್ಲು ಆ ಹೆಣ ಇಳ್ಸಿ ಸಾಹುಕಾರ್ರೆ. ಆಳಿನ ಕೈಲಿ ಬ್ಯಾಡ, ನೀವೇ ಇಳ್ಸಿ.”

ಇಳಿಸಿದರು. ಮೂಗು ಮುಚ್ಚಿಕೊಂಡು ದಾರ ಬಿಚ್ಚಿ, ಗುಂಡಿ ತೋಡಿ ಮುಚ್ಚಿ, ಸ್ನಾನ ಮಾಡಿ ಬಂದರು. ನಾನು ಬಟ್ಟಲು ಬಡಿದೆ. ಬಹಳ ಹೊತ್ತಿನ ಮೇಲೆ ದೂರದ ಕರೆಂಟ್ ತಂತಿಯ ಮೇಲೆ ಒಂದು ಬಂದು ಕೂತಿತು, ಅದರ ಪಕ್ಕ ಇನ್ನೊಂದು. ತಾರಸಿಯ ಎಲೆಯ ಕಡೆಗೆ ತಿರುಗಿಯೂ ನೋಡಲಿಲ್ಲ. ಸಾಹುಕಾರರು ಎಲೆಯನ್ನು ಎತ್ತಿ ತಂದು ನನ್ನ ಗೋಡೆಯ ಮೇಲಿಡಲು ಕೈ ಚಾಚಿದರೋ ಇಲ್ಲವೋ, ಕಾಗೆಗಳು ಕಿರುಚಿಕೊಂಡು ಹಾರಿದವು. ಕಲ್ಲು ಬೀಸಿದ ಕೈಯ ಗುರುತು ಅವಕ್ಕೆ ಚೆನ್ನಾಗಿತ್ತು.

“ನೀನೇ ಇಟ್ಬಿಡಮ್ಮ” ಎಂದರು ಸಾಹುಕಾರರು.

ನಾನು ಎಲೆ ಮುಟ್ಟಲಿಲ್ಲ. “ನಾನಿಡಬೋದಾ? ನಾನು ಹೆಂಗ್ಸು. ನಿಮ್ಮ ಮನೆಯೋಳೂ ಅಲ್ಲ. ನಾನಿಟ್ರೆ ನಿಮ್ಮಪ್ಪಾರು ಮುಟ್ತಾರಾ?”

“ಅಯ್ಯೋ, ಯಾರಿಟ್ರೇನಮ್ಮ! ಕಾಗೆ ಮುಟ್ಟಿದ್ರೆ ಆಯ್ತು.”

ಯಾರಿಟ್ಟರೇನು! ಇಷ್ಟು ಸಲೀಸಾಗಿ ಹೇಳಿಬಿಡಬಹುದಾದ ಮಾತೇ ಇದು? ಹಸಿವಾದ ಕೂಡಲೇ ಶಾಸ್ತ್ರ ಹೀಗೆ ಸಡಿಲವಾಗುವುದಾದರೆ, ಅವತ್ತು ನನ್ನ ಕೈಯಿಂದ ಎಲೆ ಕಿತ್ತುಕೊಂಡದ್ದು ಯಾತಕ್ಕೆ? ಈ ಊರಿನವರ ಮೇಲೆ, ಆ ಊರಿನವರ ಮೇಲೆ, ನಡುಮನೆಯಲ್ಲಿ ತಲೆಯಾಡಿಸಿದ ಎಲ್ಲರ ಮೇಲೆ ಒಟ್ಟಿಗೇ ಸಿಟ್ಟು ಬಂತು.

“ಹಂಗಾದ್ರೆ ಕಾಯ್ರಿ” ಎಂದು ಒಳಗೆ ಹೋದೆ. ಬಾಳೆ ಎಲೆಗೆ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಹಾಕಿಕೊಂಡು, ಊದುಬತ್ತಿ ಹಚ್ಚಿಕೊಂಡು ಬಂದೆ. ಗೋಡೆಯ ಮೇಲೆ ಅದನ್ನಿಟ್ಟು ಕೈಮುಗಿದೆ. “ಮೊದ್ಲು ನಮ್ಮವ್ವ ಉಣ್ಲಿ. ಆಮೇಲೆ ನಿಮ್ಮಪ್ಪ.”

ಸಾಹುಕಾರರು ಬಾಯಿ ತೆರೆದರು. ಅವರ ತಾಯಿ ಕೈಯೆತ್ತಿ ತಡೆದರು. “ಉಣ್ಲಿ ಬಿಡೋ. ಹೆತ್ತೋಳಲ್ವಾ.”

ನಾನು ಆ ತಾಯಿಗೆ ಒಂದು ಮಣೆ ಕೊಟ್ಟೆ. ಸಾಹುಕಾರರಿಗೆ ಕೊಡಲಿಲ್ಲ. ಅಪ್ಪನ ಎಲೆಯನ್ನು ಎರಡೂ ಕೈಯಲ್ಲಿ ಹಿಡಿದು ಬಿಸಿಲಲ್ಲಿ ನಿಂತೇ ಇದ್ದರು. ಹಾರಿದ ಕಾಗೆಗಳು ಮತ್ತೆ ತಂತಿಗೆ, ತಂತಿಯಿಂದ ನಮ್ಮ ಹೆಂಚಿಗೆ, ಹೆಂಚಿನಿಂದ ಗೋಡೆಯ ಮೂಲೆಗೆ ಬಂದವು. ಒಂದು ಕಾಗೆ ಕುಪ್ಪಳಿಸುತ್ತ ಹತ್ತಿರ ಬಂದು ರೊಟ್ಟಿಯನ್ನು ಮಗುಚಿ ನೋಡಿ, ಚಟ್ನಿಯ ಕಡೆಯಿಂದ ಒಂದು ಚೂರು ಮುರಿದುಕೊಂಡಿತು. ಅವ್ವ ತಿನ್ನುತ್ತಿದ್ದದ್ದೂ ಹಾಗೆಯೇ. ಆಮೇಲೆ ನಾನು ಕೈತೊಳೆದು ಸಾಹುಕಾರರ ಕೈಯಿಂದ ಎಲೆ ತೆಗೆದುಕೊಂಡು ಪಕ್ಕದಲ್ಲಿಟ್ಟೆ.

ಮಾರನೆಯ ವಾರ ಅವರ ಕೊಬ್ಬರಿಯ ಮೇಲೆ ಬಲೆ ಬಂತು. ತಪ್ಪಾಯಿತು ಎನ್ನುವ ಮಾತು ಬರಲಿಲ್ಲ, ನಾನು ಕಾಯಲೂ ಇಲ್ಲ. ಆ ಅಮಾವಾಸ್ಯೆಯ ಸಂಜೆ ನಮ್ಮ ಯಜಮಾನರಿಗೆ ಹೇಳಿದ್ದೆ, “ನಮ್ಮ ದೊಡ್ಡಪ್ಪನ ಮಗ ನಿಮ್ಮ ಬಸ್ ಹತ್ತಿದ್ರೆ ಹೇಳಿ, ಅವ್ವ ನನ್ನ ಕೈಯಿಂದ ಉಂಡ್ಲು ಅಂತ. ಮೆತ್ತಗಲ್ಲ, ಬಸ್ನೋರಿಗೆಲ್ಲ ಕೇಳಂಗೆ.” ಅವರು ಹೇಳಲಿಲ್ಲ. ಹೇಳುವ ಜಾಯಮಾನವೇ ಅವರದಲ್ಲ.

ಮುಂದಿನ ವರ್ಷ ಅಮಾವಾಸ್ಯೆಗೆ ನಾನೇ ರಾಗಿ ರೊಟ್ಟಿ ಕಟ್ಟಿಕೊಂಡು ಅವ್ವನ ಹಳ್ಳಿಗೆಂದು ಅವರ ಬಸ್ಸು ಹತ್ತಿದೆ. ಚೀಲದಲ್ಲಿ ಹಿತ್ತಾಳೆ ಬಟ್ಟಲು, ಸೌಟು ಎರಡೂ ಇದ್ದವು.