ಕಲ್ಲುಬೆಂಚಿನ ಮುಖ

ಕಲ್ಲುಬೆಂಚಿಗೂ ಒಂದು ಮುಖವಿರುತ್ತದೆಂಬ ಸರಳ ಸಂಗತಿ ಅರವತ್ತೆರಡು ವರ್ಷ ತುಂಬುವವರೆಗೆ ನನ್ನ ಅರಿವಿಗೆ ಬಂದಿರಲಿಲ್ಲ. ಬಸ್ ನಿಲ್ದಾಣಗಳಲ್ಲಿ, ಆಸ್ಪತ್ರೆಯ ಅಂಗಳಗಳಲ್ಲಿ, ನಾನು ಪಾಠ ಹೇಳಿದ ಶಾಲೆಯ ಹುಣಸೆಮರದಡಿಯಲ್ಲಿ ಕೂತೆದ್ದ ಬೆಂಚುಗಳು ಎಷ್ಟೋ. ಆದರೆ ಕೂತವರ ಕಣ್ಣೆದುರು ಏನಿರಬೇಕು, ಬೆನ್ನ ಹಿಂದೆ ಏನಿರಬೇಕು ಎಂದು ಯಾರೋ ಒಬ್ಬರು ಯೋಚಿಸಿಯೇ ಅವನ್ನು ಹಾಕಿಸಿರಬೇಕೆಂದು ಒಮ್ಮೆಯೂ ಹೊಳೆದಿರಲಿಲ್ಲ. ಒರಗಿಲ್ಲದ ಬೆಂಚಾದರೆ ಈ ತಾಪತ್ರಯವಿಲ್ಲ, ಹೇಗೆ ಬೇಕಾದರೂ ತಿರುಗಿ ಕೂರಬಹುದು. ಒರಗು ಬಂತೆಂದರೆ ದಿಕ್ಕು ಬಂತು, ದಿಕ್ಕು ಬಂತೆಂದರೆ ದಂಪತಿಗಳ ನಡುವೆ ಭಿನ್ನಾಭಿಪ್ರಾಯವೂ ಬಂತು. ನಮ್ಮ ಮನೆಯಲ್ಲಿ ಅದು ಎರಡು ತಿಂಗಳು ನಡೆಯಿತು.

ನಮ್ಮ ಮನೆ ಹಾಸನ ಜಿಲ್ಲೆಯ ಮಗ್ಗೆಯಿಂದಾಚೆ, ಗುಡ್ಡದ ಓರೆಯಲ್ಲಿದೆ. ಕಳೆದ ಚಳಿಗಾಲದಲ್ಲಿ ನನ್ನ ಹೆಂಡತಿ ಸರೋಜಳಿಗೆ ಮಂಡಿಯ ಶಸ್ತ್ರಚಿಕಿತ್ಸೆಯಾಯಿತು. ಬೆಳಿಗ್ಗೆ ಸಂಜೆ ಸಮತಟ್ಟಾದ ನೆಲದ ಮೇಲೆ ನಡೆಯಬೇಕು, ದಣಿವಾದಾಗ ಕೂರಬೇಕು ಎಂದು ವೈದ್ಯರು ಹೇಳಿದರು. ಸಮತಟ್ಟಾದ ನೆಲ ಎಂಬುದು ನಮ್ಮ ಸೀಮೆಯಲ್ಲಿ ಸುಲಭಕ್ಕೆ ಸಿಕ್ಕುವ ಪದಾರ್ಥವಲ್ಲ. ಮನೆಯ ಹಿತ್ತಿಲಿನಲ್ಲಿ, ಕಾಫಿ ಒಣಗಿಸುವ ಕಣದ ಆಚೆ ಮಾತ್ರ ಒಂದಿಷ್ಟು ಜಾಗವಿತ್ತು. ಅದರ ಅಂಚಿನಿಂದ ಕೆಳಗೆ ಇಳಿಜಾರಿಗೆ ಕಾಫಿ ತೋಟ, ತೋಟದಾಚೆ ಹಳ್ಳ, ಹಳ್ಳದಾಚೆ ಬೆಟ್ಟಸಾಲು. ಅಲ್ಲೊಂದು ಹಾಸುಗಲ್ಲಿನ ದಾರಿ, ದಾರಿಯ ಪಕ್ಕಕ್ಕೆ ಹುಲ್ಲುಹಾಸು, ಕೊನೆಯಲ್ಲಿ ಒಂದು ಕಲ್ಲುಬೆಂಚು ಎಂದು ನಾನು ನಕ್ಷೆ ಬರೆದೆ. ಜೀವನವಿಡೀ ಕಪ್ಪುಹಲಗೆಯ ಮೇಲೆ ಪರರಾಷ್ಟ್ರಗಳ ನಕ್ಷೆ ಬರೆದವನಿಗೆ ಸ್ವಂತ ಹಿತ್ತಿಲಿನ ನಕ್ಷೆಯನ್ನು ಹತ್ತು ಸಲ ಅಳಿಸಿ ಬರೆಯಬೇಕಾಗಿ ಬಂದದ್ದಕ್ಕೆ ಕಾರಣವಿದೆ. ಕಾರಣಕ್ಕೆ ನಾಲ್ಕು ಕಾಲು, ಎರಡು ದಂತ.

ತೋಟಗಾರಿಕೆಯ ಹವ್ಯಾಸಿಗಳು ಸಾಮಾನ್ಯವಾಗಿ ಯಾವ ಹೂವು ಯಾವ ಋತುವಿನಲ್ಲಿ ಅರಳುತ್ತದೆಂದು ವಿಚಾರಿಸುತ್ತಾರೆ. ನಾನು ಯಾವ ಗಿಡವನ್ನು ಕಂಡರೂ ಇದನ್ನು ಆನೆ ತಿನ್ನುತ್ತದೆಯೇ ಎಂದು ವಿಚಾರಿಸುತ್ತೇನೆ. ಬಚ್ಚಲ ನೀರು ಹೋಗುವಲ್ಲಿದ್ದ ಬಾಳೆಯ ಬುಡಗಳನ್ನು ಕೀಳಿಸಿದೆ, ಬೇಲಿಯ ಬಿದಿರನ್ನು ಕಡಿಸಿದೆ, ನಿರಪರಾಧಿಯಾದ ಒಂದು ಈಚಲು ಗಿಡವನ್ನು ಬರೀ ಸಂಶಯದ ಮೇಲೆ ತೆಗೆಸಿದೆ. ಸರೋಜಳ ಡೇರೆ ಹೂವಿನ ಗೆಡ್ಡೆಗಳನ್ನೂ ಅನುಮಾನದಿಂದ ನೋಡುತ್ತಿದ್ದಾಗ ಅವಳು ಕುಂಡಗಳನ್ನು ತನ್ನ ಕಡೆಗೆ ಎಳೆದುಕೊಂಡು, "ಇವುನ್ನ ಮುಟ್ಟಿದ್ರೆ ಆನೆಗಿಂತ ಮುಂಚೆ ನಾನೇ ತುಳೀತೀನಿ" ಎಂದಳು. ಡೇರೆಗಳು ಉಳಿದುಕೊಂಡವು.

ಬೆಂಚಿನ ಮುಖ ಮನೆಯ ಕಡೆಗಿರಬೇಕೆಂಬುದು ನನ್ನ ವಾದವಾಗಿತ್ತು. ಕೂತವರಿಗೆ ಹಿತ್ತಿಲ ಬಾಗಿಲು ಕಾಣುತ್ತಿದ್ದರೆ ಎದ್ದು ನೆಟ್ಟಗೆ ಒಳಗೆ ನಡೆಯಬಹುದು. ಬೆಟ್ಟ, ಕಾಡು, ಅದರಲ್ಲಿರುವ ಸಕಲ ಜೀವರಾಶಿ ಬೆನ್ನ ಹಿಂದಿದ್ದರೆ ಮನಸ್ಸಿಗೂ ನೆಮ್ಮದಿ. ಬೆಂಚು ಬರಬೇಕಾದ ಜಾಗದಿಂದ ಬಾಗಿಲಿಗೆ ಹತ್ತೊಂಬತ್ತು ಹೆಜ್ಜೆ. ಮಂಡಿ ಬಗ್ಗದವರಿಗೆ ಎಷ್ಟು ಹೊತ್ತು ಬೇಕಾದೀತೆಂದು ತಿಳಿಯಲು ನಾನೇ ಬಲಗಾಲನ್ನು ನೆಟ್ಟಗಿಟ್ಟುಕೊಂಡು, ಕೈಯಲ್ಲಿ ಗಡಿಯಾರ ಹಿಡಿದು, ದಿನಕ್ಕೆರಡು ಸಲ ಕುಂಟಿ ನೋಡಿದೆ. ಬೇಲಿಯಾಚೆಯಿಂದ ಇದನ್ನು ಗಮನಿಸಿದ ಪಕ್ಕದ ತೋಟದ ಶಿವಣ್ಣ, "ಏನ್ ಮೇಷ್ಟ್ರೇ, ನಿಮ್ದೂ ಮಂಡಿ ಹೋಗ್ಬುಡ್ತಾ?" ಎಂದು ಮರುಕಪಟ್ಟು ಒಂದು ಸೀಸೆ ಎಣ್ಣೆ ತಂದುಕೊಟ್ಟರು. ಸತ್ಯ ಹೇಳಲು ನಾಚಿಕೆಯಾಗಿ ಎಣ್ಣೆಯನ್ನು ತೆಗೆದುಕೊಂಡೆ.

ಆಲೂರಿನಲ್ಲಿ ಒಂದು ಮದುವೆಗೆ ನಾನು ಹೋಗಿದ್ದ ದಿನವೇ ಸಕಲೇಶಪುರದಿಂದ ರಫೀಕ್ ತನ್ನ ಪಿಕಪ್ಪಿನಲ್ಲಿ ಬೆಂಚು ತಂದ. ಸಂಜೆ ಬಂದು ನೋಡಿದರೆ ಬೆಂಚು ನನ್ನ ನಕ್ಷೆಗೆ ಬೆನ್ನು ಹಾಕಿ ಬೆಟ್ಟವನ್ನು ನೋಡುತ್ತ ಕೂತಿದೆ, ಬುಡಕ್ಕೆ ಸಿಮೆಂಟೂ ಬಿದ್ದಿದೆ. ರಫೀಕನಿಗೆ ಫೋನು ಮಾಡಿದೆ. "ಅಕ್ಕ ಹೇಳಿದ್ರು ಸಾರ್, ಗೋಡೆ ನೋಡಾಕೆ ಬೆಂಚು ಯಾಕಪ್ಪ ಅಂತ. ನಂಗೂ ಸರಿ ಅನ್ನಿಸ್ತು, ಹಾಕ್ಬುಟ್ಟೆ" ಎಂದ. ಅಂದಿನಿಂದ ವಾರಕ್ಕೊಮ್ಮೆ ಅವನಿಗೆ ಫೋನು ಮಾಡಿ ಬೆಂಚು ತಿರುಗಿಸಿಕೊಡೆಂದು ದುಂಬಾಲು ಬಿದ್ದೆ. ಮೂರು ಸಲ ತಪ್ಪಿಸಿಕೊಂಡವನು ಕಡೆಗೆ ಮೇ ತಿಂಗಳ ಒಂದು ಶನಿವಾರ ನಾಲ್ಕು ಜನರನ್ನು ಕರೆತರುತ್ತೇನೆಂದು ಒಪ್ಪಿದ.

ಓದುಗ ಮಿತ್ರರೇ, ಇಷ್ಟೆಲ್ಲ ಮುನ್ನೆಚ್ಚರಿಕೆಯ ಮನುಷ್ಯನನ್ನು ನೀವು ನಂಬಿರುತ್ತೀರಿ. ಈಗ ನಾನು ಮಾಡಿದ ಕೆಲಸವನ್ನು ಹೇಳಬೇಕು.

ನಮ್ಮ ಕಡೆ ಕೆಲವು ವರ್ಷಗಳಿಂದ ಒಂದು ಕಟ್ಟುಪಾಡು ನಡೆದುಬಂದಿದೆ. ಶಿವರಾತ್ರಿ ಕಳೆದ ಮೇಲೆ, ಹಲಸು ಇನ್ನೂ ಎಳೆಗಾಯಾಗಿರುವಾಗಲೇ ಊರಿನವರೆಲ್ಲ ಒಂದೇ ವಾರದಲ್ಲಿ ತಮ್ಮ ತಮ್ಮ ಮರಗಳ ಕಾಯಿ ಕೆಡವಿಬಿಡುತ್ತಾರೆ. ಹಣ್ಣಾದರೆ ಪರಿಮಳ ಹಬ್ಬುತ್ತದೆ, ಪರಿಮಳ ಹಿಡಿದು ಆನೆ ಬರುತ್ತದೆ. ಯಾರದೋ ಮರದಲ್ಲಿ ಒಂದೇ ಒಂದು ಹಣ್ಣು ಉಳಿದರೂ ಅದು ಇಡೀ ಊರಿನ ಪರವಾಗಿ ಕಳುಹಿಸಿದ ಕರೆಯೋಲೆ. ಹೀಗಾಗಿ ಹಲಸಿನ ನಾಡಿನಲ್ಲಿದ್ದೂ ನಾವು ಹಲಸಿನ ಹಣ್ಣು ತಿಂದು ಐದಾರು ವರ್ಷಗಳಾಗಿದ್ದವು. ಎಳೆಗಾಯಿಯ ಪಲ್ಯ ತಿಂದು ತಿಂದು ನಾಲಿಗೆ ಜಡ್ಡುಗಟ್ಟಿತ್ತು.

ಹಾಸನದ ಆಸ್ಪತ್ರೆಯಲ್ಲಿ, ಅರಿವಳಿಕೆ ಇನ್ನೂ ಪೂರ್ತಿ ಇಳಿಯದಿದ್ದಾಗ ಸರೋಜ ಕಣ್ಣು ಮುಚ್ಚಿಕೊಂಡೇ, "ಒಂದು ತೊಳೆ ಹಲಸಿನ ಹಣ್ಣು ಕೊಡಿ" ಎಂದಿದ್ದಳು. ಎಚ್ಚರವಾದ ಮೇಲೆ ಅವಳಿಗದು ನೆನಪಿರಲಿಲ್ಲ, ನನಗೆ ಮರೆಯಲಿಲ್ಲ. ಮದುವೆಯಾದ ಮೂವತ್ತೈದು ವರ್ಷಗಳಲ್ಲಿ ಅವಳು ಬಾಯಿಬಿಟ್ಟು ಇಂಥದ್ದು ಬೇಕೆಂದು ಕೇಳಿದ್ದೇ ಅಪರೂಪ. ಆದ್ದರಿಂದ ಕಾಯಿ ಕೆಡಹುವ ವಾರದಲ್ಲಿ, ನಮ್ಮ ಮರದ ಬುಡದಲ್ಲಿ ಮೆಣಸಿನ ಬಳ್ಳಿಯ ಎಲೆಗಳ ಮರೆಗಿದ್ದ ಒಂದು ಕಾಯಿಯನ್ನು ಕಂಡೂ ಕಾಣದವನಂತೆ ಬಿಟ್ಟೆ. ಬಲಿತ ಮೇಲೆ ಕೊಯ್ದು ತಂದು ಹಿತ್ತಿಲ ಸೌದೆ ಕೊಟ್ಟಿಗೆಯಲ್ಲಿ, ಬೆಂಚಿನಿಂದ ನಾಲ್ಕು ಮಾರು ದೂರದಲ್ಲಿ, ಗೋಣಿಚೀಲಗಳ ಕೆಳಗೆ ಬಚ್ಚಿಟ್ಟೆ. ಹಣ್ಣಿನ ಪರಿಮಳ ಆನೆಗೆ ತಿಳಿಯಬಾರದೆಂದು ಕೊಟ್ಟಿಗೆಯ ಸುತ್ತ ದಿನಾ ಫಿನೈಲು ಸುರಿದೆ. ಮೈಲುಗಟ್ಟಲೆ ದೂರದಿಂದ ನೀರಿನ ವಾಸನೆ ಹಿಡಿಯುವ ಪ್ರಾಣಿಯನ್ನು ಒಂದು ಬಾಟಲಿ ಫಿನೈಲಿನಿಂದ ಏಮಾರಿಸಬಹುದೆಂದು, ನಾಲ್ಕು ಜನಕ್ಕೆ ಬುದ್ಧಿ ಹೇಳಿದ ಮೇಷ್ಟ್ರೊಬ್ಬರು ನಂಬಿದ್ದರು.

ಆ ಗುರುವಾರ ಸಂಜೆ ಐದೂವರೆಗೆ ಸರೋಜ ನಡಿಗೆ ಮುಗಿಸಿ ಬೆಂಚಿನ ಮೇಲೆ ಕೂತಳು. ಹಣ್ಣು ಘಮಘಮಿಸತೊಡಗಿತ್ತು, ಮರುದಿನವೇ ಹೆಚ್ಚಿಬಿಡುವುದೆಂದು ನಿಶ್ಚಯಿಸಿದ್ದೆ. ಒಂದು ರಾತ್ರಿ ಕಳೆದರೆ ಸಾಕಿತ್ತು. ಆನೆಗಳು ಎಲ್ಲಿವೆಯೆಂದು ಅರಣ್ಯ ಇಲಾಖೆಯಿಂದ ಮೊಬೈಲಿಗೆ ಸಂದೇಶ ಬರುತ್ತದೇನೋ ನಿಜ, ಆದರೆ ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಮುಂದಿನ ಗೇಟಿನ ಬಳಿ ಮಾತ್ರ. ಅಲ್ಲಿಗೆ ಹೋಗಿ ಶಿವಣ್ಣನಿಗೆ ಫೋನು ಹಚ್ಚಿದೆ.

"ಕೆ. ಹೊಸಕೋಟೆ ಕಡೆ ಐತಂತೆ ಮೇಷ್ಟ್ರೇ, ಒಂಟಿ ಸಲಗ. ನಿಮ್ಮ ಕಡೀಕೆ ಏನೂ ಇಲ್ಲ, ಆರಾಮಾಗಿರಿ" ಎಂದರು ಶಿವಣ್ಣ.

ಯಾವಾಗ ಕಂಡದ್ದು, ಯಾರು ಕಂಡದ್ದು, ಮುಖ ಯಾವ ಕಡೆಗಿತ್ತು ಎಂದು ನಾನು ಅಡ್ಡಪ್ರಶ್ನೆ ಹಾಕುತ್ತಿದ್ದಾಗ ಮುಂಬಾಗಿಲಲ್ಲಿ ಸರೋಜ ಕಾಣಿಸಿಕೊಂಡಳು. ತುಟಿಯ ಮೇಲೆ ಬೆರಳು. ಇನ್ನೊಂದು ಕೈಯಲ್ಲಿ ಬನ್ನಿ ಎಂದು ಕರೆದಳು. ನಾನು ಒಳಗೆ ಬಂದ ಮೇಲೆ ಬಾಗಿಲು ಹಾಕಿ, "ಹಿತ್ತಲಲ್ಲಿ ಐತೆ" ಎಂದಳು.

ಅಡುಗೆಮನೆಯ ಕಿಟಕಿಯಿಂದ ನೋಡಿದೆವು. ಸಲಗವು ಕೊಟ್ಟಿಗೆಯ ತಗಡನ್ನು ಒಂದು ಬದಿಗೆ ಸರಿಸಿ, ಗೋಣಿಚೀಲಗಳನ್ನು ಒಂದೊಂದಾಗಿ ಎತ್ತಿಟ್ಟು, ಹಣ್ಣನ್ನು ಹೊರಗೆ ಉರುಳಿಸಿಕೊಂಡಿತು. ಮುಂಗಾಲಿನಿಂದ ಮೆತ್ತಗೆ ಒತ್ತಿ ಒಡೆಯಿತು. ನಾನು ಸುರಿದಿದ್ದ ಫಿನೈಲಿಗೆ ಅದು ಒಮ್ಮೆಯೂ ಮೂಗು ಮುರಿಯಲಿಲ್ಲ. ಹೆಂಡತಿಗೆಂದು ಊರಿನ ಕಣ್ಣು ತಪ್ಪಿಸಿ ಕಾದಿಟ್ಟ ಹಣ್ಣು ಸಿಪ್ಪೆ ಸಮೇತ ಮುಗಿಯುವುದನ್ನು ಇಬ್ಬರೂ ನಿಂತು ನೋಡಿದೆವು. ಆಮೇಲೆ ಅದು ಬೆಂಚಿನ ಪಕ್ಕದಲ್ಲೇ ಹಾಯ್ದು, ನಾನು ಬೆಳಿಗ್ಗೆಯಷ್ಟೇ ನೀರು ಹಾಯಿಸಿದ್ದ ಹುಲ್ಲುಹಾಸಿನ ಮೇಲೆ ನಡೆದು, ತೋಟಕ್ಕೆ ಇಳಿದುಹೋಯಿತು. ನಾನು ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟೆ.

ಅವಳು ಹೇಗೆ ಪಾರಾದಳೆಂಬುದು ತಿಳಿದದ್ದು ಕಾಫಿ ಕುಡಿಯುವಾಗ. ಬೆಂಚಿನ ಮೇಲೆ ಕೂತು ಬೆಟ್ಟ ನೋಡುತ್ತಿದ್ದಳಂತೆ. ಕೆಳಗೆ ಹಳ್ಳದ ಬದಿಯಲ್ಲಿ ಬೆಳ್ಳಕ್ಕಿಗಳು ಒಮ್ಮೆಲೇ ಎದ್ದವು. ಆಮೇಲೆ ಗಾಳಿಯಿಲ್ಲದೆಯೂ ಕಾಫಿ ಗಿಡಗಳು ಒಂದು ಸಾಲಿನಲ್ಲಿ ಅಲುಗಾಡಿದವು. ಆಮೇಲೆ ಗಿಡಗಳ ಮೇಲೆ ಒಂದು ಕಿವಿ ಕಂಡಿತು. ಅವಳು ಎದ್ದು, ಕೋಲು ತೆಗೆದುಕೊಂಡು, ಓಡಲಾಗದ ಕಾಲಿನಲ್ಲಿ ಮೆಲ್ಲಗೆ ನಡೆದು ಬಂದು ಹಿತ್ತಿಲ ಬಾಗಿಲು ಹಾಕಿಕೊಂಡಳು. ಸಲಗ ಇಳಿಜಾರು ಹತ್ತಿ ಮೇಲೆ ಬರುವುದಕ್ಕೆ ಇನ್ನೂ ಸಾಕಷ್ಟು ಹೊತ್ತು ಬೇಕಿತ್ತು.

ಬೆಂಚು ನನ್ನ ಇಚ್ಛೆಯಂತೆ ಇದ್ದಿದ್ದರೆ ಅವಳು ಗೋಡೆ ನೋಡುತ್ತ ಕೂತಿರುತ್ತಿದ್ದಳು. ಬೆಳ್ಳಕ್ಕಿ ಎದ್ದದ್ದು, ಗಿಡ ಅಲುಗಾಡಿದ್ದು, ಕಿವಿ ಕಂಡದ್ದು ಎಲ್ಲವೂ ಅವಳ ಬೆನ್ನ ಹಿಂದೆ ನಡೆಯುತ್ತಿತ್ತು. ಇದನ್ನು ನಾನು ಆ ಕ್ಷಣದಲ್ಲಿ ಯೋಚಿಸಿದೆ, ಈಗಲೂ ದಿನಕ್ಕೊಮ್ಮೆ ಯೋಚಿಸುತ್ತೇನೆ. ಭಯವನ್ನು ಬೆನ್ನ ಹಿಂದಿಟ್ಟುಕೊಂಡರೆ ನೆಮ್ಮದಿ ಎಂದು ತಿಳಿದಿದ್ದ ನಾನು ಇಡೀ ಆಯುಷ್ಯವನ್ನು ಕತ್ತು ತಿರುಗಿಸಿ ತಿರುಗಿಸಿ ನೋಡುತ್ತಲೇ ಕಳೆದಿದ್ದೇನೆ.

ತಡೆಯಲಾರದೆ ಹಣ್ಣಿನ ವಿಷಯ ಒಪ್ಪಿಕೊಂಡೆ. ಆನೆಯನ್ನು ಕರೆದವನು ನಾನೇ, ನಿನಗೇನಾದರೂ ಆಗಿದ್ದರೆ ಎಂದು ಶುರುಮಾಡಿದೆ.

"ಗೊತ್ತಿತ್ತು ಕಣ್ರೀ" ಎಂದಳು ಸರೋಜ. "ಸೌದೆಗೆ ಯಾರಾದ್ರೂ ಫಿನೈಲು ಹಾಕ್ತಾರಾ? ಮೂರು ದಿನದಿಂದ ವಾಸ್ನೆ ಮೂಗಿಗೆ ಹೊಡೀತಿತ್ತು. ನೀವಾಗೇ ತಂದುಕೊಡ್ಲಿ ಅಂತ ಸುಮ್ನಿದ್ದೆ. ನಾನೂ ತಪ್ಪೇ ಮಾಡ್ದೆ."

ಮರುದಿನ ಶಿವಣ್ಣನ ಮನೆಗೆ ಹೋಗಿ ಹೇಳಿದೆ. "ನಮ್ಮನೇಲೂ ಮೊಮ್ಮಕ್ಕಳು ಹಣ್ಣು ಹಣ್ಣು ಅಂತ ಅಳ್ತವೆ ಮೇಷ್ಟ್ರೇ. ಆದ್ರೂ ಕೆಡವ್ತೀವಿ" ಎಂದರು. ಬೈದಿದ್ದರೆ ಹಗುರವಾಗುತ್ತಿತ್ತು. ಬರುವ ವರ್ಷ ನಮ್ಮ ಮರದ ಕಾಯಿಗಳನ್ನು ನೀವೇ ನಿಂತು ಕೆಡವಿಸಿ ಎಂದು ಕೈಮುಗಿದು ಬಂದೆ.

ಶನಿವಾರ, ಇಷ್ಟು ದಿನ ಕೈಗೆ ಸಿಗದಿದ್ದ ರಫೀಕ್ ಹೇಳಿದ ಹೊತ್ತಿಗೇ ಬಂದ. ನಾಲ್ಕು ಜನ, ಎರಡು ಹಾರೆ, ಹಗ್ಗ. ಹುಲ್ಲುಹಾಸಿನ ಮೇಲೆ ಮೊರದಗಲದ ಹೆಜ್ಜೆಗುರುತುಗಳು. ಅವುಗಳಲ್ಲಿ ಸರೋಜ ಆಗಲೇ ಆಳಿನ ಕೈಲಿ ಗೊಬ್ಬರ ತುಂಬಿಸಿ ಡೇರೆ ಗೆಡ್ಡೆ ಊರಿಸುತ್ತಿದ್ದಳು. ಗುಂಡಿ ತೋಡುವ ಕೆಲಸ ತಪ್ಪಿತಂತೆ. ಎಷ್ಟೋ ಯೋಚಿಸಿ ಬರೆದ ನನ್ನ ನಕ್ಷೆಯಲ್ಲಿ ಹೂವಿನ ಮಡಿಗಳಿಗೆ ಜಾಗವೇ ಇರಲಿಲ್ಲವೆಂಬುದು ಆಗ ನೆನಪಾಯಿತು.

"ಯಾವ ಕಡೀಕೆ ತಿರುಗ್ಸೋದು ಸಾರ್?" ಎಂದ ರಫೀಕ್.

"ಇರ್ಲಿ ಬಿಡು ಮಾರಾಯ" ಎಂದೆ. "ಎಲ್ರೂ ಕಾಫಿ ಕುಡ್ಕೊಂಡು ಹೋಗಿ."

ಈಗ ಸಂಜೆ ಬೆಂಚಿನ ಮೇಲೆ ನಾನೂ ಕೂರುತ್ತೇನೆ. ಕಲ್ಲಿನ ಒರಗು ಬೆನ್ನಿಗೆ ತಣ್ಣಗಿರುತ್ತದೆ, ಬೆಟ್ಟ ಎದುರಿಗಿರುತ್ತದೆ. ಆತಂಕ ಹೋಗಿದೆಯೆಂದು ಹೇಳಿದರೆ ಸುಳ್ಳಾಗುತ್ತದೆ. ಕೆಳಗಿನ ಹಳ್ಳದ ಮೇಲೆ, ಬೆಳ್ಳಕ್ಕಿಗಳ ಮೇಲೆ ಒಂದು ಕಣ್ಣಿಟ್ಟೇ ಇರುತ್ತೇನೆ. ಮೊನ್ನೆ ಕುತೂಹಲಕ್ಕೆ ಸರೋಜಳನ್ನು ಕೇಳಿದೆ: ನಾನು ಹತ್ತೊಂಬತ್ತು ಹೆಜ್ಜೆಯೆಂದು ಗಡಿಯಾರ ಹಿಡಿದು ಕುಂಟಿದ ಆ ದಾರಿಗೆ ಅವತ್ತು ನಿನಗೆಷ್ಟು ಹೆಜ್ಜೆ ಬೇಕಾದವು?

"ಎಣಿಸ್ಲಿಲ್ಲ ಕಣ್ರೀ" ಎಂದಳು, ಬೆಟ್ಟದಿಂದ ಕಣ್ಣು ತೆಗೆಯದೆ. "ತಿರುಗಿ ತಿರುಗಿ ಆನೇನೇ ನೋಡ್ತಾ ಬಂದೆ. ಎಷ್ಟು ಚೆನ್ನಾಗಿತ್ತು, ಅಲ್ವಾ?"