ಸ್ಟುಡಿಯೋ ಮಾಮನ ನೊಣಗಳು

ಅವರ ಬಲಗೈಯ ಉಗುರುಗಳೆಲ್ಲ ಹಳೆಯ ಹುಣಸೆಹಣ್ಣಿನ ಬಣ್ಣಕ್ಕೆ ತಿರುಗಿದ್ದವು. ವರ್ಷಗಟ್ಟಲೆ ಫೋಟೋ ಮದ್ದಿನಲ್ಲಿ ಅದ್ದಿದ ಕೈ. ಸೀಗೆಪುಡಿ, ನಿಂಬೆಸಿಪ್ಪೆ, ಇಟ್ಟಿಗೆ ಚೂರು, ಯಾವುದಕ್ಕೂ ಆ ಕಲೆ ಜಗ್ಗಲಿಲ್ಲ. ಮದುವೆಮನೆಯ ಪಂಕ್ತಿಯಲ್ಲಿ ಪಕ್ಕದವರು ತಮ್ಮ ಕೈಯನ್ನೇ ನೋಡುತ್ತಾರೆಂದು, ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಫೋಟೋ ತೆಗೆದವರು ಊಟಕ್ಕೆ ನಿಲ್ಲದೆ ಹೊರಟುಬಿಡುತ್ತಿದ್ದರು.

ರಾಬರ್ಟ್‌ಸನ್‌ಪೇಟೆಯ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಅವರ ಸ್ಟುಡಿಯೋ, ಅದರ ಬೆನ್ನಿಗಿದ್ದ ಸಂದಿಯಲ್ಲಿ ನಮ್ಮ ಮನೆ. ಸಂದಿಯವರಿಗೆಲ್ಲ ಅವರು ಸ್ಟುಡಿಯೋ ಮಾಮ. ಅವರ ಮನೆ ಬಂಗಾರಪೇಟೆಯಲ್ಲಿ. ಬೆಳಗಿನ ರೈಲಿಗೆ ಬಂದು ಊರಿಗಾಂನಲ್ಲಿ ಇಳಿದು, ಅಲ್ಲಿ ಬಿಟ್ಟಿದ್ದ ಸೈಕಲ್ ತುಳಿದು ಬರುವರು. ಸಂಜೆ ರೈಲಿಗೆ ವಾಪಸು. ಐವತ್ತರ ದಶಕದ ಕೊನೆಯ ಮಾತು ಇದು. ನನ್ನಪ್ಪ ಚಿನ್ನದ ಗಣಿಯಲ್ಲಿ ಎದೆ ಕೆಡಿಸಿಕೊಂಡು ಮನೆ ಹಿಡಿದಿದ್ದರು. ಬೂದಿಕೋಟೆಯ ತವರಿನವರು ಕೊಟ್ಟ ಎರಡು ಎಮ್ಮೆಗಳಿಂದ ಅಮ್ಮ ಸಂಸಾರ ಎಳೆಯುತ್ತಿದ್ದಳು. ಹೈಸ್ಕೂಲು ಮುಗಿಸಿದ ನಾನು ಮನೆಮನೆಗೆ ಹಾಲು ಹಾಕುತ್ತಿದ್ದೆ. ಮದುವೆ ವಯಸ್ಸಿನ ಹುಡುಗಿಯಾದರೂ ಮಾಮನ ಬಾಯಲ್ಲಿ ಮಾತ್ರ ನಾನು ‘ಪಾಪ’ನೇ.

ಮಾಮನಿಗೆ ಒಂದು ಹುಚ್ಚಿತ್ತು. ಅದು ನೊಣದ ಹುಚ್ಚು. ಒಮ್ಮೆ ಯಾರೋ ಮದುಮಗಳ ನೆಗೆಟಿವ್‌ನಲ್ಲಿ ಅವಳ ಕೈಮೇಲೆ ಚುಕ್ಕೆಯೊಂದು ಕಂಡಿತಂತೆ. ಪೆನ್ಸಿಲಿನಿಂದ ಮುಚ್ಚೋಣವೆಂದು ಭೂತಗನ್ನಡಿ ಹಿಡಿದರೆ ಅದು ಚುಕ್ಕೆಯಲ್ಲ, ಪಟ್ಟೆರೆಕ್ಕೆಯ ಪುಟಾಣಿ ನೊಣ. ‘ಅಷ್ಟು ಚಂದದ ರೆಕ್ಕೆ ಮದುಮಗಳ ಸೀರೇಗೂ ಇರ್ಲಿಲ್ಲ ಪಾಪ’ ಎನ್ನುತ್ತಿದ್ದರು. ಅಲ್ಲಿಂದ ಶುರು. ಚಳಿಗಾಲದ ಬೆಳಿಗ್ಗೆ ಕಿಟಕಿಯ ಗಾಜಿನ ಮೇಲೆ ನೊಣಗಳು ಮರಗಟ್ಟಿ ಕೂತಿರುವಾಗ, ಕ್ಯಾಮೆರಾದ ತಿದಿಯನ್ನು ಉದ್ದಕ್ಕೆ ಎಳೆದು, ಹಿಂದಿನಿಂದ ಬೆಳಕು ಬೀಳುವಂತೆ ನಿಲ್ಲಿಸಿ, ಉಸಿರು ಬಿಗಿಹಿಡಿದು ಫೋಟೋ ತೆಗೆಯುವರು. ಗಿರಾಕಿ ಬಂದರೆ ಹೊರಗೆ ಕಾಯಬೇಕು. ನೊಣ ಹಾರಿಹೋಗಬಹುದು, ಗಿರಾಕಿ ಎಲ್ಲಿಗೆ ಹೋಗುತ್ತಾನೆ ಎಂಬುದು ಅವರ ಲೆಕ್ಕ.

ತಮ್ಮೂರಿಗೆ ಮರಳಿದ ಗಣಿಯ ಡಾಕ್ಟರೊಬ್ಬರು ಬಿಟ್ಟುಹೋದ ದಪ್ಪ ಇಂಗ್ಲಿಷ್ ಪುಸ್ತಕವೊಂದು ಅವರ ಬಳಿ ಇತ್ತು. ಅದರ ತುಂಬ ರೆಕ್ಕೆಗಳ ಚಿತ್ರ. ತಾವು ತೆಗೆದ ಫೋಟೋವನ್ನು ಪಕ್ಕದಲ್ಲಿಟ್ಟುಕೊಂಡು ನರಕ್ಕೆ ನರ ಹೋಲಿಸುವರು. ‘ಬಣ್ಣ ನೋಡಿ ಎಸ್ರು ಏಳಬ್ಯಾಡ ಪಾಪ. ನಮ್ ಫೋಟೋದಾಗೆ ಬಣ್ಣ ಎಲ್ಲೈತೆ? ರೆಕ್ಕೆ ನರ ನೋಡು, ಮೀಸೆ ನೋಡು, ಕೂತ್ಕೊಳ್ಳೋ ಗತ್ತು ನೋಡು.’ ಹೊಂದದಿದ್ದರೆ ಫೋಟೋದ ಬೆನ್ನಿಗೆ ‘ಗೊತ್ತಿಲ್ಲ’ ಎಂದು ಬರೆದು ಬಿಸ್ಕತ್ತಿನ ಡಬ್ಬಿಗೆ ಹಾಕುವರು. ಡಬ್ಬಿಯಲ್ಲಿ ಗೊತ್ತಿಲ್ಲದ ನೊಣಗಳೇ ಹೆಚ್ಚು. ಮದುಮಕ್ಕಳ ಮುಖದ ಸಿಡುಬಿನ ಕಲೆಯನ್ನು ಪೆನ್ಸಿಲಿನಿಂದ ಮಾಯ ಮಾಡುತ್ತಿದ್ದ ಮನುಷ್ಯ ನೊಣದ ಒಂದು ಕೂದಲನ್ನೂ ತಿದ್ದುತ್ತಿರಲಿಲ್ಲ. ಯಾಕೆ ಮಾಮ ಎಂದು ಕೆಣಕಿದರೆ, ‘ಚಂದ ಕಾಣ್ಬೇಕು ಅನ್ನೋ ಆಸೆ ಮನುಷ್ಯರಿಗೆ. ನೊಣ ಕೇಳ್ತಾ?’ ಎನ್ನುವರು.

ಅವರ ಇನ್ನೊಂದು ಹೆಮ್ಮೆ ಎಂದರೆ ಅವರ ಫೋಟೋ ಹಳದಿಯಾಗದು. ಮದ್ದೆಲ್ಲ ಬಿಟ್ಟುಕೊಳ್ಳುವವರೆಗೆ ತೊಳೆಯಬೇಕು ಎಂದು, ಅಟ್ಟದ ಮೇಲೊಂದು ಪೀಪಾಯಿ ಇಟ್ಟು, ಕಟ್ಟಡದ ಬಾವಿಯ ನೀರು ತುಂಬಿ, ಕೆಳಗಿನ ಬಚ್ಚಲಲ್ಲಿ ದಿನವೆಲ್ಲ ಸಣ್ಣ ಧಾರೆ ಬಿಡುತ್ತಿದ್ದರು. ಫೋಟೋಗಳನ್ನು ರಟ್ಟಿಗೆ ಅಂಟಿಸುವ ಮೈದಾಹಿಟ್ಟಿನ ಗೋಂದಿನ ಬಟ್ಟಲನ್ನೂ ಅಲ್ಲೇ ತೊಳೆಯುವರು.

ಒಂದು ವರ್ಷ ಬೇಸಿಗೆ ಕಾಲಿಡುತ್ತಿದ್ದಂತೆ ಸಂದಿಯ ತುಂಬ ಸಣ್ಣ ಬೂದು ನೊಣಗಳು ಎದ್ದವು. ಗೋಡೆಯ ಮೇಲೆ ಅವು, ಅನ್ನದ ಮೇಲೆ ಅವು, ಕಾಫಿ ಲೋಟದಲ್ಲಿ ತೇಲುವವೂ ಅವೇ. ಮಕ್ಕಳ ಕಣ್ಣು ಕೆಂಪಾದರೆ ಅದಕ್ಕೂ ಅವೇ ಕಾರಣ. ಜನರಿಗೆ ಯೋಚನೆ ಮಾಡುವ ಕೆಲಸವೇ ಇರಲಿಲ್ಲ; ಎಮ್ಮೆ ಇದ್ದದ್ದು ನಮ್ಮ ಮನೆಯಲ್ಲಿ ಮಾತ್ರ. ನಿನ್ನೆಯವರೆಗೆ ನಮ್ಮ ಹಾಲು ಕುಡಿದವರೇ ಸೇರಿ ಸ್ಯಾನಿಟರಿ ಇನ್ಸ್‌ಪೆಕ್ಟರಿಗೆ ದೂರು ಕೊಟ್ಟರು. ಅವರು ಬಂದು, ಕೊಟ್ಟಿಗೆ ನೋಡಿ, ಮೂಗು ಮುಚ್ಚಿಕೊಂಡು, ಮುಂದಿನ ಸೋಮವಾರದೊಳಗೆ ಎಮ್ಮೆಗಳನ್ನು ಊರಾಚೆ ಸಾಗಿಸಬೇಕೆಂದು ಹೇಳಿಹೋದರು. ಊರಾಚೆ ನಮಗೆ ಜಾಗವೆಲ್ಲಿತ್ತು? ಮಾರುವುದೊಂದೇ ದಾರಿ. ಅಪ್ಪ ಗೋಡೆಯ ಕಡೆ ತಿರುಗಿ ಮಲಗಿದರು. ಅಮ್ಮ ಎಮ್ಮೆಯ ಕತ್ತು ಸವರುತ್ತ ಕೊಟ್ಟಿಗೆಯಲ್ಲೇ ಕೂತಳು.

ಮಾಮ ವಿಷಯ ತಿಳಿದು ಬಂದವರು ಸಮಾಧಾನದ ಮಾತೇನೂ ಆಡಲಿಲ್ಲ. ‘ಅಮ್ಮಯ್ಯ, ಒಸಿ ಅರಳೆಣ್ಣೆ ಕೊಡು’ ಎಂದರು. ಗಾಜಿನ ತುಂಡುಗಳಿಗೆ ಆ ಎಣ್ಣೆ ಸವರಿ, ಎಣ್ಣೆ ಬಳಿದ ಮುಖ ಕೆಳಗೆ ಮಾಡಿ, ಒಂದನ್ನು ನಮ್ಮ ತಿಪ್ಪೆಯ ಮೇಲೆ, ಒಂದನ್ನು ನಮ್ಮ ಬಚ್ಚಲ ತೂಬಿನ ಮೇಲೆ, ಉಳಿದವನ್ನು ಅಕ್ಕಪಕ್ಕದ ಬಚ್ಚಲುಗಳ ಮೇಲೆ ಇಟ್ಟರು. ಒಳಗಿಂದ ಏಳುವ ನೊಣ ಗಾಜಿಗೆ ಅಂಟಲಿ ಎಂದು. ಮರುದಿನ ತಿಪ್ಪೆಯ ಗಾಜಿಗೆ ಅಂಟಿದ್ದ ನೊಣಗಳನ್ನೂ, ಸಂದಿಯ ಗೋಡೆಯ ಮೇಲಿದ್ದ ನೊಣಗಳನ್ನೂ ಫೋಟೋ ತೆಗೆದು, ಅಂಗೈಯಗಲಕ್ಕೆ ಹಿಗ್ಗಿಸಿ ತಂದು ತೋರಿಸಿದರು. ತಿಪ್ಪೆಯದರ ರೆಕ್ಕೆ ಬೋಳು, ಗಾಜಿನಂತೆ. ಗೋಡೆಯದರ ರೆಕ್ಕೆಯ ಮೇಲೆ ಕಂಬಳಿಯಷ್ಟು ರೋಮ. ನರಗಳು ಉತ್ತ ಸಾಲಿನಂತೆ ಒಂದರ ಪಕ್ಕ ಒಂದು. ಮೀಸೆ ಮಣಿ ಪೋಣಿಸಿದ ಹಾಗೆ. ನನಗೇ ಗೊತ್ತಾಯಿತು, ಎರಡೂ ಬೇರೆ ಜಾತಿ. ಪುಸ್ತಕದ ಪ್ರಕಾರ ಗೋಡೆಯದು ಬಚ್ಚಲ ಲೋಳೆಯಲ್ಲಿ ಹುಟ್ಟುವ ನೊಣ. ಆದರೆ ಯಾವ ಬಚ್ಚಲ ಗಾಜಿಗೂ ಅದು ಸಿಕ್ಕಿರಲಿಲ್ಲ.

‘ನಿಮ್ ಬಚ್ಚಲು ನೋಡಿದ್ರಾ ಅಣ್ಣ?’ ಅಮ್ಮ ಸುಮ್ಮನೆ ಕೇಳಿದಳು.

ಮಾಮ ನಕ್ಕರು. ‘ನನ್ ಬಚ್ಚಲಾಗೆ ಬೆಳಗಿಂದ ಸಂಜೆಗಂಟ ನೀರು ಅರೀತದೆ ಅಮ್ಮಯ್ಯ. ಅಷ್ಟು ಚೊಕ್ಕಟ ಈ ಬೀದಿಯಾಗೇ ಇಲ್ಲ.’ ಆದರೂ ಹೋಗುವಾಗ ಒಂದು ಗಾಜನ್ನು ಅಲ್ಲೂ ಇಟ್ಟುಹೋದರು.

ಮರುದಿನ ಬೆಳಿಗ್ಗೆ ಹಾಲು ಕೊಡಲು ಹೋದರೆ ಸ್ಟುಡಿಯೋ ಬಾಗಿಲು ಅರ್ಧ ಮುಚ್ಚಿತ್ತು. ಮಾಮ ಮೇಜಿನ ಮುಂದೆ ಕೂತಿದ್ದರು. ಎದುರಿಗಿದ್ದ ಗಾಜು ಬೂದು ನೊಣಗಳಿಂದ ಕಿಕ್ಕಿರಿದಿತ್ತು. ಗೋಂದು ಬೆರೆತ ತೊಳೆದ ನೀರು ತೂಬಿನೊಳಗೆ ಲೋಳೆಗಟ್ಟಿ, ಅವರ ಶುದ್ಧಿಯ ಧಾರೆಯೇ ಅದನ್ನು ಒಣಗಲು ಬಿಡದೆ ಸಾಕಿತ್ತು. ಆ ಕಟ್ಟಡದ ಮಾಲೀಕ ಅವರಿಂದ ಅಂಗಡಿ ಬಿಡಿಸಲು ನೆಪ ಹುಡುಕುತ್ತಿದ್ದದ್ದು ಊರಿಗೇ ಗೊತ್ತಿತ್ತು. ಮದುವೆಗಳ ಕಾಲ ಬೇರೆ. ಅವರು ಆ ಗಾಜನ್ನು ಒರೆಸಿಬಿಟ್ಟಿದ್ದರೆ ಕೇಳುವವರು ಯಾರೂ ಇರಲಿಲ್ಲ. ನಾನಂತೂ ಬಾಯಿ ಬಿಡುತ್ತಿರಲಿಲ್ಲ.

‘ಆಲು ಅಲ್ಲಿಟ್ಟು ಓಗು ಪಾಪ. ಇದರ ಫೋಟೋ ತೆಗೀಬೇಕು’ ಎಂದರು.

ಸೋಮವಾರ ಇನ್ಸ್‌ಪೆಕ್ಟರು ಬಂದಾಗ ಸಂದಿಯವರೆಲ್ಲ ಸೇರಿದ್ದರು, ಕಟ್ಟಡದ ಮಾಲೀಕನೂ ಇದ್ದ. ಮಾಮ ಫೋಟೋಗಳನ್ನು ನಮ್ಮ ಜಗಲಿಯ ಮೇಲೆ ಸಾಲಾಗಿ ಇಟ್ಟರು.

‘ಸಾಮಿ, ಇದು ಎಮ್ಮೆ ತಿಪ್ಪೇದು. ಇದು ಇವರ ಮನೇಗಳಾಗೆ ಆರಾಡೋದು. ರೆಕ್ಕೆ ನೋಡಿ, ಒಂದೇನಾ?’

ಇನ್ಸ್‌ಪೆಕ್ಟರು ಭೂತಗನ್ನಡಿ ಇಸಿದುಕೊಂಡು ಬಹಳ ಹೊತ್ತು ನೋಡಿದರು. ‘ಅಲ್ಲ. ಹಾಗಾದರೆ ಇದು ಎಲ್ಲಿಂದ ಬಂತು?’

‘ನನ್ ಬಚ್ಚಲಿಂದ’ ಎಂದು ಮಾಮ ಮೂರನೆಯ ಫೋಟೋ ಮುಂದಿಟ್ಟರು.

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಇನ್ಸ್‌ಪೆಕ್ಟರು ನಗಲಿಲ್ಲ. ಎಮ್ಮೆಗಳು ಇರಲಿ ಎಂದರು. ಮಾಲೀಕ ಅಂದೇ ಮಾಮನಿಗೆ ಬಾವಿಯ ನೀರು ನಿಲ್ಲಿಸಿದ.

ಅಂಗಡಿಯನ್ನಂತೂ ಮಾಮ ಬಿಡಲಿಲ್ಲ. ತೂಬನ್ನು ತಾವೇ ಅಗೆಸಿ ಕಿತ್ತು ಹಾಕಿಸಿದರು. ಅಲ್ಲಿಂದ ಮುಂದೆ ಪ್ರತಿ ಸಂಜೆ, ಮುಚ್ಚಳವಿದ್ದ ತಗಡಿನ ಬಕೆಟ್ಟಿನಲ್ಲಿ ಹಸಿ ಫೋಟೋಗಳನ್ನು ಹಾಕಿಕೊಂಡು ರೈಲು ಹತ್ತುವರು. ಬಂಗಾರಪೇಟೆಯ ಮನೆಯ ಬಾವಿಕಟ್ಟೆಯಲ್ಲಿ ತೊಳೆದು, ಒಣಗಿಸಿ, ಬೆಳಿಗ್ಗೆ ತರುವರು. ಬೋಗಿಯಲ್ಲಿ ನೀರು ಚೆಲ್ಲಿತೆಂದು ರೈಲಿನಲ್ಲಿ ತಮಿಳು, ತೆಲುಗು, ಕನ್ನಡ ಮೂರರಲ್ಲೂ ಬೈಸಿಕೊಳ್ಳುವರು. ಇಷ್ಟೆಲ್ಲ ನಮ್ಮಿಂದ ಆಯಿತಲ್ಲ ಎಂದು ಅಮ್ಮ ಕಣ್ಣೀರು ಹಾಕಿದರೆ, ‘ನಿಮ್ಮಿಂದ ಯಾಕೆ ಅಮ್ಮಯ್ಯ, ನೊಣ ನಂದಲ್ವಾ?’ ಎಂದು ಗದರುವರು. ಆ ಎಮ್ಮೆಗಳ ಹಾಲಿನಿಂದಲೇ ಮುಂದೆ ನಾನು ಟೀಚರ್ ಟ್ರೈನಿಂಗ್ ಮುಗಿಸಿದೆ. ಈಗ ನನ್ನ ಹೊಟ್ಟೆಗೆ ಬೀಳುವ ಅನ್ನದಲ್ಲಿ ಅವರ ಪಾಲಿದೆ.

ಅರವತ್ತರ ದಶಕದ ಕೊನೆಯಲ್ಲಿ ಒಂದು ಬೆಳಿಗ್ಗೆ ರೈಲು ಬಂತು, ಮಾಮ ಬರಲಿಲ್ಲ. ಹಿಂದಿನ ಸಂಜೆ ಬಾವಿಕಟ್ಟೆಯ ಮೇಲೆ ಫೋಟೋ ತೊಳೆಯುತ್ತಲೇ ಕುಸಿದುಬಿದ್ದರಂತೆ. ಮೂರನೆಯ ದಿನ ಸಮಾಧಿಗೆ ಹಾಲುತುಪ್ಪ ಬಿಡುವ ಶಾಸ್ತ್ರ. ಅಂದು ಅಮ್ಮ ಯಾವ ಮನೆಗೂ ಹಾಲು ಹಾಕಲಿಲ್ಲ. ಕರೆದದ್ದನ್ನೆಲ್ಲ ದೊಡ್ಡ ತಂಬಿಗೆಗೆ ತುಂಬಿಕೊಂಡು, ನನ್ನ ಜೊತೆ ಬಂಗಾರಪೇಟೆಯ ರೈಲು ಹತ್ತಿದಳು.

ನೆಂಟರು ಸರದಿಯಲ್ಲಿ ನಿಂತಿದ್ದರು. ಮಾಮನ ಮಗ ನಮ್ಮನ್ನು ಕಂಡವನಲ್ಲ. ‘ನೀವು ಯಾವ ಕಡೆ ನೆಂಟ್ರಮ್ಮ?’ ಎಂದು ಕೇಳಿದ.

‘ನೆಂಟ್ರಲ್ಲ ಕಣಪ್ಪ. ನಮ್ ಕೊಟ್ಟಿಗೇಲಿ ಎಮ್ಮೆ ನಿಂತಿರೋದು ನಿಮ್ಮಪ್ಪನಿಂದ. ಈ ಆಲು ಅವರ್ದು.’

ಮಾಮನ ಹೆಂಡತಿ ಎದ್ದು ಬಂದು ಅಮ್ಮನ ಕೈ ಹಿಡಿದು, ‘ಬಾ ತಾಯಿ, ನೀನೇ ಮೊದ್ಲು ಬಿಡು’ ಎಂದು ಸಮಾಧಿಯ ಹತ್ತಿರ ಕರೆದುಕೊಂಡು ಹೋದರು. ಅಮ್ಮ ತಂಬಿಗೆ ಖಾಲಿಯಾಗುವವರೆಗೂ ನಿಧಾನವಾಗಿ ಹಾಲು ಸುರಿದಳು. ಆಮೇಲೆ ಅಲ್ಲೇ ಮಣ್ಣಿನ ಮೇಲೆ ಕೂತು, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಅಪ್ಪ ಹೋದಾಗಲೂ ಅವಳು ಹಾಗೆ ಅತ್ತದ್ದನ್ನು ನಾನು ಕಂಡಿರಲಿಲ್ಲ.