ಚಂದ್ರಿಯ ಬೆನ್ನಿನ ವಿಭೂತಿ

ಚಂದ್ರಿಯ ಬೆನ್ನ ಮೇಲೆ ಎರಡೂ ಕಡೆ ಮೂಡಿರುವ ಬಿಳಿ ಗುರುತು ವಿಭೂತಿಯಲ್ಲ, ಶಿವಲೀಲಾ ಅವರೇ. ಅದು ನಾನು ಹೊಲಿದು ಕೊಟ್ಟ ಜೀನು ಕಚ್ಚಿ ಆದ ಗಾಯದ ಕಲೆ. ಒತ್ತಿ ಒತ್ತಿ ಬೇರು ಸತ್ತ ಜಾಗದಲ್ಲಿ ಕುದುರೆಯ ಕೂದಲು ಬೆಳ್ಳಗೆ ಹುಟ್ಟುತ್ತದೆ, ಅಷ್ಟೇ. ಇದು ನನಗೆ ಮೊದಲ ದಿನವೇ ಗೊತ್ತಿತ್ತು. ಒಂಬತ್ತು ವರ್ಷ ಬಾಯಿ ಬಿಡಲಿಲ್ಲ. ಇನ್ನೊಂದು ಮಾತೂ ಇದೆ, ಹೇಳಬೇಕಾಗಿರುವುದು ಮುಖ್ಯವಾಗಿ ಅದನ್ನೇ — ಆ ಕುದುರೆ ಕೆಟ್ಟದ್ದು ನಿಮ್ಮ ಕೈಯಿಂದಲ್ಲ.

ಕ್ಷಮೆ ಕೇಳಲು ಬರೆಯುತ್ತಿಲ್ಲ. ಕ್ಷಮೆ ಕೇಳಿದರೆ ನೀವು ‘ಇರ್ಲಿ ಬಿಡ್ರಿ ಕಾಕಾ’ ಎನ್ನುತ್ತೀರಿ, ನಿಮ್ಮ ಸ್ವಭಾವ ನನಗೆ ಗೊತ್ತು. ಅಲ್ಲಿಗೆ ನನಗೆ ಹಗುರ, ನಿಮಗೆ ಏನೂ ಇಲ್ಲ. ಹಾಗಾಗಬಾರದು. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ಓದಿ ಸಿಟ್ಟಾಗಿರಿ.

ಬೈಲಹೊಂಗಲದಲ್ಲಿ ನನ್ನನ್ನು ‘ಜೀನದ ಭೀಮಶಿ’ ಎಂದೇ ಕರೆಯುತ್ತಾರೆ. ಅಪ್ಪ ಚಪ್ಪಲಿ ಹೊಲಿಯುತ್ತಿದ್ದ. ನಾನು ಕಾನ್ಪುರಕ್ಕೆ ಹೋಗಿ ಹನ್ನೊಂದು ವರ್ಷ ಇಂಗ್ಲಿಷ್ ಜೀನು ಹೊಲಿಯುವುದನ್ನು ಕಲಿತು ಬಂದೆ. ಊರಿಗೆ ಬಂದು ಅಂಗಡಿ ಹಾಕಿದಾಗ ನಕ್ಕವರೇ ಹೆಚ್ಚು. ಮದುವೆಯ ಮೆರವಣಿಗೆಗೆ ಜರಿಯ ಜೀನು ಬೇಕೆಂದು ಬಂದು, ನನ್ನ ಬೋಳು ಜೀನುಗಳನ್ನು ನೋಡಿ, ‘ಇದೇನ್ರಿ, ಇನ್ನೂ ಅರ್ಧಾ ಆಗೇತೇನ?’ ಎಂದು ಕೇಳಿ ಹೋದವರಿದ್ದಾರೆ. ಅವರಿಗೆಲ್ಲ ತಿಳಿಸಿ ಹೇಳುತ್ತಿದ್ದೆ. ಇಂಗ್ಲಿಷ್ ಜೀನು ಎಂದರೆ ಒಂದೇ ಜೀನಲ್ಲ. ಬೇಲಿ ಹಾರುವವರಿಗೆ ಬೇರೆ — ಅವರ ಮೊಣಕಾಲು ಮಡಿಚಿ ಮುಂದೆ ಬರುತ್ತದೆ, ಆದ್ದರಿಂದ ಪಕ್ಕದ ಚರ್ಮವನ್ನು ಮುಂದಕ್ಕೆ ಚಾಚಿ ಕತ್ತರಿಸಬೇಕು, ಕೂರುವ ಜಾಗ ಚಪ್ಪಟೆ ಇರಬೇಕು. ಡ್ರೆಸಾಜ್ ಮಾಡುವವರಿಗೆ, ಎಂದರೆ ಕುದುರೆಯನ್ನು ಹೆಜ್ಜೆ ಹೆಜ್ಜೆಗೆ ತಿದ್ದಿ ನಡೆಸುವವರಿಗೆ ಬೇರೆ — ಕಾಲು ನೀಳವಾಗಿ ಇಳಿಬಿಡಬೇಕು, ಪಕ್ಕದ ಚರ್ಮ ನೆಟ್ಟಗೆ ಕೆಳಕ್ಕೆ ಬರಬೇಕು, ಕೂರುವ ಜಾಗ ಆಳ. ದಿನವಿಡೀ ದೂರ ಹೋಗುವವರಿಗೆ ಕೆಳಗಿನ ಮೆತ್ತೆ ಅಗಲ, ಭಾರ ಒಂದೇ ಕಡೆ ಬೀಳದ ಹಾಗೆ. ಎಲ್ಲವನ್ನೂ ಸ್ವಲ್ಪ ಸ್ವಲ್ಪ ಮಾಡುವವರಿಗೆ ಮಧ್ಯದ್ದು ಒಂದು. ಆದರೆ ಇವೆಲ್ಲಕ್ಕಿಂತ ಮೊದಲು ಕುದುರೆಯ ಬೆನ್ನು. ಜೀನಿನ ಒಳಗೊಂದು ಗಟ್ಟಿ ಚೌಕಟ್ಟು ಇರುತ್ತದೆ. ಅದು ಬೆನ್ನಿಗಿಂತ ಇಕ್ಕಟ್ಟಾದರೆ, ಮೇಲೆ ಎಂಥ ಚರ್ಮ ಹೊದಿಸಿದರೂ ಅದು ಇಕ್ಕಳವೇ. ಮೊದಲು ಬೆನ್ನು, ಆಮೇಲೆ ಕೆಲಸ, ಆಮೇಲೆ ಸವಾರ. ಇದನ್ನು ನಾಲ್ಕು ತಾಲೂಕಿನಲ್ಲಿ ನನ್ನಷ್ಟು ಬಲ್ಲವನು ಇನ್ನೊಬ್ಬನಿಲ್ಲ — ಈಗಲೂ ಎದೆ ತಟ್ಟಿ ಹೇಳುತ್ತೇನೆ. ಗೊತ್ತಿಲ್ಲದೆ ತಪ್ಪಿದವನು ನಾನಲ್ಲ. ಗೊತ್ತಿದ್ದೂ ತಪ್ಪಿದೆ.

ನೀವು ದೊಡವಾಡದ ಬಸ್ಸಿಳಿದು ನನ್ನ ಅಂಗಡಿಗೆ ಬಂದ ದಿನ ನೆನಪಿದೆ. ಇಪ್ಪತ್ತೊಂದೋ ಇಪ್ಪತ್ತೆರಡೋ ನಿಮಗೆ. ಆಗಷ್ಟೇ ಪುಣೆಯ ಕಡೆಯಿಂದ ಚಂದ್ರಿಯನ್ನು ತರಿಸಿದ್ದಿರಿ. ಕಿತ್ತೂರಿನ ಹೆದ್ದಾರಿ ಪಕ್ಕದ ಸವಾರಿ ಮೈದಾನದಲ್ಲಿ ಕಲಿಯಲು ಸೇರಿದ್ದಿರಿ. ದೊಡ್ಡ ಮನೆಯ ಮಗಳು, ಕಟ್ಟೆ ಹತ್ತುವ ಮೊದಲು ‘ಒಳಗ ಬರ್ಲೇನ್ರಿ ಕಾಕಾ?’ ಎಂದು ಕೇಳಿದಿರಿ. ನನ್ನನ್ನು ಹಾಗೆ ಕೇಳಿದವರು ಕಡಿಮೆ.

“ನನಗ ಹಾರೂದು ಬ್ಯಾಡ ಕಾಕಾ. ಡ್ರೆಸಾಜ್ ಕಲೀಬೇಕಂತ ಮಾಡೇನಿ. ಒಮ್ಮೆ ಮನಿಗೆ ಬಂದು ಕುದುರಿ ಬೆನ್ನ ನೋಡ್ರಲಾ,” ಎಂದಿರಿ.

ಸರಿಯಾದ ಮಾತು. ಕಲಿಯುವವರು ಕೇಳಬೇಕಾದದ್ದೇ ಅದು. ಆದರೆ ನನಗೆ ಕೇಳಿಸಿದ್ದು ‘ಮನಿಗೆ ಬಂದು’ ಎನ್ನುವುದೊಂದೇ —

ನಿಮ್ಮ ಮನೆಯ ಅಂಗಳ ನನಗೆ ಹೊಸದಲ್ಲ. ಅಪ್ಪನ ಜೊತೆ ಎಷ್ಟೋ ಸಲ ಆ ಅಂಗಳದ ಬೇವಿನ ಗಿಡದ ಕೆಳಗೆ ನಿಂತಿದ್ದೇನೆ. ಬೇರೆಯವರು ಚಪ್ಪಲಿ ಹೊಲಿಸುವಾಗ ಕಾಗದದ ಮೇಲೆ ಪಾದ ಊರುತ್ತಾರೆ, ಸುತ್ತ ಪೆನ್ಸಿಲ್ಲಿನಿಂದ ಗೆರೆ ಎಳೆಯುತ್ತೇವೆ. ನಿಮ್ಮ ಮನೆಯಲ್ಲಿ ಹಾಗಿರಲಿಲ್ಲ. ಅಪ್ಪ ಪಾದ ಮುಟ್ಟುವ ಹಾಗಿರಲಿಲ್ಲ. ಹಳೆಯ ಚಪ್ಪಲಿಯನ್ನು ದೂರದಿಂದ ಎಸೆಯುತ್ತಿದ್ದರು — ಅದೇ ಅಳತೆ. ಪಾದಕ್ಕಲ್ಲ, ಹಳೆಯ ಚಪ್ಪಲಿಗೆ ಹೊಸ ಚಪ್ಪಲಿ. ಹೊಸತು ಕಚ್ಚಿದರೆ ಬೈಗುಳ ಮಾತ್ರ ಅಪ್ಪನಿಗೆ. ಆ ಅಂಗಳಕ್ಕೆ ಇನ್ನು ಕಾಲಿಡುವುದಿಲ್ಲವೆಂದು ನಾನು ಕಾನ್ಪುರಕ್ಕೆ ಹೋಗುವ ಮೊದಲೇ ಪಣ ತೊಟ್ಟಿದ್ದೆ. ಆ ಪಣ ತೊಟ್ಟದ್ದಕ್ಕೆ ನನಗೆ ಇವತ್ತಿಗೂ ನಾಚಿಕೆಯಿಲ್ಲ. ನೀವು ಹುಟ್ಟುವ ಮೊದಲಿನ ಸಿಟ್ಟು ಅದು, ನಿಮ್ಮ ಮೇಲಿನದಲ್ಲ. ಆದರೆ ತೀರಿಸಿಕೊಂಡದ್ದು ನಿಮ್ಮ ಮೇಲೆ. ಇಲ್ಲ, ಅದೂ ಪೂರ್ತಿ ಸರಿಯಲ್ಲ — ತೀರಿಸಿಕೊಂಡದ್ದು ಒಂದು ಮೂಕ ಪ್ರಾಣಿಯ ಮೇಲೆ.

“ಬರೂದೇನ ಬ್ಯಾಡ್ರಿ ಅಕ್ಕಾರ,” ಎಂದೆ. “ಹಳೇ ಜೀನ ಕಳಸ್ರಿ. ಅಳತಿ ಅದರಾಗ ಸಿಗತೈತಿ.”

ನೀವು ನಂಬಿದಿರಿ. ಎರಡು ದಿನದಲ್ಲಿ ನಿಮ್ಮ ಮನೆಯ ಆಳು ಗೋಣಿಚೀಲದಲ್ಲಿ ಹಳೆಯ ಜೀನು ತಂದಿಟ್ಟ. ಅದನ್ನು ಬೋರಲು ಹಾಕಿದ ಕೂಡಲೇ ನನಗೆ ತಿಳಿಯಿತು. ತಳದಲ್ಲಿ ಬೆವರಿನ ಕಲೆ ಒಂದೇ ಸಮ ಇರಬೇಕು. ಇದರಲ್ಲಿ ಮುಂದಿನ ಎರಡು ಮೂಲೆ ಮಾತ್ರ ಕಪ್ಪಾಗಿದ್ದವು, ಎಂದರೆ ಭಾರವೆಲ್ಲ ಅಲ್ಲೇ ಒತ್ತುತ್ತಿತ್ತು. ಜೀನು ಬೇರೆ ಯಾವುದೋ ಸಣ್ಣ ಬೆನ್ನಿನ ಕುದುರೆಯದು, ಚಂದ್ರಿಯದು ಅಗಲ ಬೆನ್ನು — ನೋಡದೆಯೇ ಹೇಳಬಹುದಿತ್ತು. ಹೇಳಲಿಲ್ಲ.

ಯಾಕೆ ಎಂದರೆ — ಅಂಗಡಿಯ ಒಳಗೋಡೆಗೆ ಒಂದು ಜೀನು ತೂಗುಹಾಕಿದ್ದೆ. ನಾನೇ ಮೊದಲಿನಿಂದ ಕೊನೆಯವರೆಗೆ ಒಂದೊಂದು ಹೊಲಿಗೆ ಎಣಿಸಿ ಮಾಡಿದ ಮೊದಲ ಜೀನು. ಹಾರುವ ಜೀನು. ಅಂಥದ್ದು ಈ ಕಡೆ ಯಾರೂ ಮಾಡಿರಲಿಲ್ಲ, ಕಾನ್ಪುರದ ನನ್ನ ಉಸ್ತಾದರು ನೋಡಿದ್ದರೂ ಒಂದು ತಪ್ಪು ಹುಡುಕಲಾರದೆ ಹೋಗುತ್ತಿದ್ದರು. ಅದರ ಚೌಕಟ್ಟು ಇಕ್ಕಟ್ಟಿನದು. ನೀವು ಕಳಿಸಿದ ಹಳೆಯ ಜೀನಿನ ಅಳತೆಗೆ ಅದು ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲದೆ ಹೊಂದಿತು. ಆ ಮನೆಯ ಮಗಳು ನನ್ನ ಹೊಲಿಗೆಯ ಮೇಲೆ ಕೂರುತ್ತಾಳೆ, ಕಿತ್ತೂರಿನ ಮೈದಾನದಲ್ಲಿ ಎಲ್ಲರೂ ನೋಡುತ್ತಾರೆ, ಯಾರು ಮಾಡಿದ್ದೆಂದು ಕೇಳುತ್ತಾರೆ. ಡ್ರೆಸಾಜ್ ನಡಿಗೆಯನ್ನು ಯಾರು ನಿಂತು ನೋಡುತ್ತಾರೆ? ಹಾರುವುದನ್ನಾದರೆ ಎದ್ದು ನಿಂತು ನೋಡುತ್ತಾರೆ. ನನಗೆ ಅದು ಬೇಕಿತ್ತು. ಬಹಳ ಬೇಕಿತ್ತು.

ನೀವು ಬಂದಾಗ ಗೋಡೆಯ ಆ ಜೀನನ್ನೇ ಇಳಿಸಿ ಕೊಡುತ್ತ ಒಂದು ಮಾತು ಹೇಳಿದೆ. ಒಂಬತ್ತು ವರ್ಷದಿಂದ ನನ್ನ ಕಿವಿಯಲ್ಲೇ ಕೂತಿರುವ ಮಾತು.

“ಇದು ಹಾರೂ ಕುದುರಿ ಐತ್ರಿ ಅಕ್ಕಾರ. ಬರೇ ನಡಸಿ ಹಾಳ ಮಾಡಬ್ಯಾಡ್ರಿ.”

ಕಣ್ಣಿನಿಂದ ಒಮ್ಮೆಯೂ ನೋಡಿರದ ಕುದುರೆಯ ಬಗ್ಗೆ ಹೇಳಿದ ಮಾತದು! ನೀವು ಜೀನಿನ ಮೇಲೆ ಕೈಯಾಡಿಸಿ, “ನೀವು ಹೇಳಿದ್ರ ಹಾಂಗ ಆಗ್ಲಿ ಕಾಕಾ,” ಎಂದಿರಿ. ನಿಮಗೆ ಬೇಕಾದದ್ದನ್ನು ಬಿಟ್ಟು ನನಗೆ ಬೇಕಾದದ್ದನ್ನು ಹೊತ್ತುಕೊಂಡು ಹೋದಿರಿ.

ಮೊದಲೆರಡು ತಿಂಗಳು ಎಲ್ಲ ಚೆನ್ನಾಗಿಯೇ ಇತ್ತು. ಆಮೇಲೆ ಚಂದ್ರಿ ಹೊಟ್ಟೆಪಟ್ಟಿ ಬಿಗಿಯುವಾಗ ಕಿವಿ ಹಿಂದಕ್ಕೆ ಹಾಕುತ್ತದೆ, ಬೇಲಿಯ ಮುಂದೆ ಗಕ್ಕನೆ ನಿಲ್ಲುತ್ತದೆ ಎಂಬ ಸುದ್ದಿ ಬಂತು. ಒಂದು ಭಾನುವಾರ ಬೆಳಿಗ್ಗೆ ಕಿತ್ತೂರಿಗೆ ಬಂದೆ. ನೀವು ನೀರು ಕುಡಿಯಲು ಹೋಗಿದ್ದಿರಿ. ಜೀನು ಸ್ವಲ್ಪ ಎತ್ತಿ, ಕೆಳಗಿನ ಬಟ್ಟೆಯೊಳಗೆ ಕೈ ಹಾಕಿದೆ. ಕತ್ತು ಮುಗಿದು ಬೆನ್ನು ಶುರುವಾಗುವಲ್ಲಿ ಎರಡೂ ಕಡೆ ಬಿಸಿಯಾಗಿ ಊದಿತ್ತು. ಚಂದ್ರಿ ನನ್ನ ಕೈ ತಾಗಿದ ಕೂಡಲೇ ಬೆನ್ನು ಕೆಳಗೆ ಒತ್ತಿ ತಪ್ಪಿಸಿಕೊಂಡಿತು. ಆಗ ಒಂದು ಮಾತು ಸಾಕಿತ್ತು — ಈ ಜೀನು ತೆಗೀರಿ ಎಂದರೆ ಸಾಕಿತ್ತು. ಅಷ್ಟರಲ್ಲಿ ಇಬ್ಬರು ಬಂದು, ಜೀನು ಹೊಲಿದವರು ನೀವೇ ಏನ್ರಿ ಎಂದು ಕೇಳಿ ಕೈ ಕುಲುಕಿದರು. ನಾನು ನಕ್ಕು ಹೌದೆಂದೆ.

ಕಲಿಸುವ ಮಾಸ್ತರರು ನನ್ನ ಎದುರಿಗೇ ಹೇಳಿದರು: “ಇವರು ಲಗಾಮ ಭಾಳ ಬಿಗಿ ಹಿಡೀತಾರ್ರಿ. ಕುದುರಿ ಬಾಯಿ ಕೆಡಸ್ಯಾರ.” ನೀವು ತಲೆ ತಗ್ಗಿಸಿದಿರಿ. ನಾನು ನಿಮ್ಮಿಂದ ನಾಲ್ಕು ಮಾರು ದೂರದಲ್ಲಿದ್ದೆ.

ಮುಂದಿನ ವಾರವೇ ನೀವು ಬಿದ್ದದ್ದು. ಬೇಲಿಯ ಮುಂದೆ ಚಂದ್ರಿ ನಿಂತಿತು, ನೀವು ಮುಂದಕ್ಕೆ ಹಾರಿ ಹೋದಿರಿ. ಹೆಗಲಿನ ಎಲುಬು ಮುರಿಯಿತು. ಎಲುಬು ಕೂಡಿತು, ಆದರೆ ನೀವು ಮತ್ತೆ ಕುದುರೆ ಹತ್ತಲಿಲ್ಲ.

ಆಮೇಲೆ ನಾಲ್ಕು ತಿಂಗಳಿಗೆ ನಿಮ್ಮ ಮನೆಯಿಂದ ಕಾರು ಬಂತು. ಅಜ್ಜಿ ಅಮ್ಮಾರು ಕರೆಯುತ್ತಾರೆ ಎಂದರು. ಸಿಕ್ಕಿಬಿದ್ದೆ ಎಂದುಕೊಂಡೆ. ನಿಜ ಹೇಳಲೇ, ಒಂದು ಥರ ಸಮಾಧಾನವೂ ಆಯಿತು. ಬಂದು ನೋಡಿದರೆ ಚಂದ್ರಿಯನ್ನು ತೊಳೆದು ಅಂಗಳದಲ್ಲಿ ನಿಲ್ಲಿಸಿದ್ದಾರೆ. ಕಂದು ಬೆನ್ನಿನ ಮೇಲೆ ಎರಡೂ ಕಡೆ ಮೂರು ಬೆರಳಗಲ ಬಿಳಿ ಪಟ್ಟೆ. ನಿಮ್ಮ ಅಜ್ಜಿ ಕೈಮುಗಿದು ನಿಂತಿದ್ದಾರೆ.

“ಜೀನ ಕುಂತ ಜಾಗದಾಗ ಬಸವಣ್ಣ ತನ್ನ ಕೈಲೇ ವಿಭೂತಿ ಹಚ್ಯಾನ ನೋಡ್ರಿ! ಜೀನ ಹೊಲದಾಂವನ್ನ ಒಳಗ ಕರೀರಿ. ಕುರ್ಚಿ ಹಾಕ್ರಿ ಅವಗ.”

ಪಡಸಾಲೆಯಲ್ಲಿ ಕುರ್ಚಿ ಹಾಕಿದರು. ನಿಮ್ಮಪ್ಪನವರು ಎದುರಿಗೆ ಕೂತು, ತಾವು ಕುಡಿಯುವಂಥದೇ ಕಪ್ಪಿನಲ್ಲಿ ಚಹಾ ಕೊಟ್ಟರು. ಶಾಲು ಹೊದಿಸಿದರು. ಅಪ್ಪ ನಿಲ್ಲುತ್ತಿದ್ದ ಬೇವಿನ ಗಿಡ ಕಿಟಕಿಯಿಂದ ಕಾಣುತ್ತಿತ್ತು. ನೀವು ಬಾಗಿಲ ಹತ್ತಿರ ನಿಂತು ನನ್ನನ್ನು ನೋಡಿ ಖುಷಿಯಿಂದ ನಕ್ಕಿರಿ — ಕೊರಳಿಗೆ ಕಟ್ಟಿದ್ದ ಕೈಪಟ್ಟಿ ಬಿಚ್ಚಿ ಇನ್ನೂ ಬಹಳ ದಿನ ಆಗಿರಲಿಲ್ಲ. ನಾನು ಆ ಚಹಾ ಕುಡಿದೆ. ಪೂರ್ತಿ ಕುಡಿದೆ.

ಈಗ ಒಂದು ಮಾತು ಖಡಾಖಡಿ ಹೇಳಿಬಿಡುತ್ತೇನೆ. ಆ ಕುರ್ಚಿಗಾಗಿ ನಾನು ತಲೆ ತಗ್ಗಿಸುವುದಿಲ್ಲ. ಆ ಕುರ್ಚಿ ನನ್ನಪ್ಪನಿಗೆ ಸಲ್ಲಬೇಕಿತ್ತು, ವಿಭೂತಿ ಇರಲಿ ಬಿಡಲಿ, ಬರೀ ಮನುಷ್ಯ ಅನ್ನುವುದಕ್ಕೆ ಸಲ್ಲಬೇಕಿತ್ತು. ಅದು ಸಿಗಲು ಒಂದು ಸುಳ್ಳು ಪವಾಡ ಬೇಕಾಯಿತೆಂದರೆ ಆ ನಾಚಿಕೆ ನಿಮ್ಮ ಮನೆಯದು. ಅದನ್ನು ನೀವೇ ಇಟ್ಟುಕೊಳ್ಳಿ. ನನ್ನ ಪಾಲಿನ ನಾಚಿಕೆ ಬೇರೆ ಇದೆ. ಚಂದ್ರಿಯ ಬೆನ್ನು ನನ್ನದು. ನಿಮ್ಮ ಹೆಗಲು ನನ್ನದು. ಅಪ್ಪನ ಕಥೆ ಹೇಳಿದ್ದು ನೆವಕ್ಕಲ್ಲ — ಅಪ್ಪನಿಗೆ ಪಾದ ಮುಟ್ಟಲು ಬಿಡಲಿಲ್ಲ. ನನ್ನನ್ನು ನೀವು ಬಾಯಿ ತುಂಬ ಕರೆದಿರಿ, ನಾನೇ ಬರಲಿಲ್ಲ. ಎರಡೂ ಒಂದೇ ಎಂದು ಯಾರಾದರೂ ನನ್ನ ಪರವಾಗಿ ವಾದಿಸಿದರೆ ಅವರ ಬಾಯಿ ನಾನೇ ಮುಚ್ಚಿಸುತ್ತೇನೆ.

ಇಷ್ಟು ವರ್ಷ ನುಂಗಿಕೊಂಡವನು ಇವತ್ತೇಕೆ ಎಂದು ಕೇಳುತ್ತೀರಿ. ಹೋದ ವಾರ ನೀವು ಮತ್ತೆ ಅಂಗಡಿಗೆ ಬಂದಿರಲ್ಲ, ಅದಕ್ಕೆ. ಚಂದ್ರಿಯ ಮರಿ ದೊಡ್ಡದಾಗಿದೆ, ಜೀನು ಹಾಕುವ ವಯಸ್ಸಾಗಿದೆ, ಅವ್ವನ ಜೀನನ್ನೇ ಮಗಳಿಗೂ ಹಾಕಬೇಕೆಂದು ಅಜ್ಜಿಯ ಆಸೆ, ಸ್ವಲ್ಪ ರಿಪೇರಿ ಮಾಡಿ ಕೊಡಿ ಎಂದಿರಿ. ಆ ಮರಿಯ ಬೆನ್ನಿಗೂ ‘ವಿಭೂತಿ’ ಬರಲಿ ಎಂದು. ಸವಾರಿ ನೀವೇ ಮಾಡುತ್ತೀರಾ ಎಂದು ಕೇಳಿದೆ.

“ನಾ ಹತ್ತೂದಿಲ್ಲ ಕಾಕಾ. ನನ್ನ ಕೈ ಕುದುರಿಗೆ ಆಗಿ ಬರೂದಿಲ್ಲ. ಚಂದ್ರಿನ್ನ ಕೆಡಿಸಿದಾಕಿ ನಾನ. ನಮ್ಮಣ್ಣನ ಮಗಳು ಹತ್ತಲಿ.”

ಹವೆ ಹೇಗಿದೆ ಎಂದು ಹೇಳುವಷ್ಟು ಸಲೀಸಾಗಿ ಹೇಳಿದಿರಿ. ಒಂಬತ್ತು ವರ್ಷದಿಂದ ನೀವು ಹೀಗೇ ಅಂದುಕೊಂಡಿದ್ದೀರಿ ಎಂದು ನನಗೆ ಅಲ್ಲಿಯವರೆಗೆ — ಇಲ್ಲ. ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಬರೆಯಹೊರಟಿದ್ದೆ. ಅದೂ ಸುಳ್ಳೇ ಆಗುತ್ತಿತ್ತು.

ನನ್ನ ಹೆಂಡತಿಗೆ ಹೇಳಿದೆ. “ಈಗ ಹೇಳಿ ಏನ ಮಾಡ್ತೀರಿ? ಗಾಯ ಮಾದು ಎಷ್ಟ ವರ್ಷಾತು. ಅಂಗಡಿಗೆ ಯಾರರೇ ಬಂದಾರೇನ ಆಮ್ಯಾಲ?” ಎಂದಳು. ಬರದಿದ್ದರೆ ಬರುವುದು ಬೇಡ. ನನ್ನ ಕೈಯ ಕೆಲಸ ನನ್ನ ಕೈಯಲ್ಲಿದೆ, ಅದನ್ನು ಯಾರೂ ಕಿತ್ತುಕೊಳ್ಳಲಾರರು. ಚಪ್ಪಲಿ ಹೊಲಿಯಲೂ ಬರುತ್ತದೆ ನನಗೆ.

ನೀವು ಬಿಟ್ಟುಹೋದ ಚಂದ್ರಿಯ ಜೀನನ್ನು ರಿಪೇರಿ ಮಾಡುವುದಿಲ್ಲ. ಒಳಗಿನ ಚೌಕಟ್ಟನ್ನು ಇವತ್ತು ಮಧ್ಯಾಹ್ನ ಸುತ್ತಿಗೆಯಿಂದ ಮುರಿದು ಹಾಕಿದೆ. ಸುತ್ತಿಗೆ ಎತ್ತುವ ಮೊದಲು ಅದರ ಹೊಲಿಗೆಗಳನ್ನು ಇನ್ನೊಮ್ಮೆ ಎಣಿಸಿದೆ, ಸುಳ್ಳೇಕೆ, ಅಷ್ಟು ಚೆಂದದ ಕೆಲಸ ಅದು.

ಬರುವ ಸೋಮವಾರ ದೊಡವಾಡಕ್ಕೆ ಬರುತ್ತೇನೆ. ಸೋಮವಾರ ಎತ್ತು ಹೂಡುವುದಿಲ್ಲ, ನಿಮ್ಮಪ್ಪ, ಅಣ್ಣ, ಆಳುಕಾಳು ಎಲ್ಲ ಮನೆಯಲ್ಲೇ ಇರುತ್ತಾರೆ. ಅಜ್ಜಿ ಚಂದ್ರಿಯ ಬೆನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದೂ ಸೋಮವಾರವೇ ಎಂದು ಕೇಳಿದ್ದೇನೆ. ಅವರೆಲ್ಲರ ಮುಂದೆ, ಇಲ್ಲಿ ಬರೆದದ್ದನ್ನೇ ಬಾಯಿಬಿಟ್ಟು ಹೇಳುತ್ತೇನೆ. ಅಜ್ಜಿಗೆ ನೋವಾಗುತ್ತದೆ. ಆಗಲಿ. ಅವರ ನಂಬಿಕೆಯನ್ನು ಉಳಿಸಲು ನೀವು ಇನ್ನೂ ಒಂದು ದಿನ ತಲೆ ತಗ್ಗಿಸಿ ಓಡಾಡುವುದು ನನಗೆ ಒಪ್ಪಿಗೆಯಿಲ್ಲ. ಹೊರಗೆ ನಡೆ ಎಂದರೆ ಹೋಗುತ್ತೇನೆ, ಆದರೆ ಹೇಳಿ ಮುಗಿಸಿಯೇ ಹೋಗುತ್ತೇನೆ. ಇರು ಎಂದರೆ ಆ ಮರಿಯ ಬೆನ್ನ ಮೇಲೆ ಕೈಯಿಟ್ಟು, ಅದರ ಆಕಾರಕ್ಕೆ ಅಳತೆಯ ತಂತಿ ಬಾಗಿಸಿ, ಅಗಲ ಚೌಕಟ್ಟಿನ, ನೆಟ್ಟಗೆ ಇಳಿಯುವ ಚರ್ಮದ, ಆಳ ಕೂರುವ ಜೀನಿಗೆ ಅಳತೆ ತೆಗೆಯುತ್ತೇನೆ. ನೀವು ಮೊದಲ ದಿನ ಕೇಳಿದ್ದ ಡ್ರೆಸಾಜ್ ಜೀನು.

ಅಳತೆಗೆ ಸವಾರರೂ ಬೇಕು. ನಿಮ್ಮ ಅಣ್ಣನ ಮಗಳನ್ನು ಕೂರಿಸಿ ಅಳತೆ ತೆಗೆಯುವುದಿಲ್ಲ. ನೀವು ಹತ್ತಬೇಕು. ಹೀಗೆ ಹೇಳುವ ಹಕ್ಕು ನನಗಿಲ್ಲ, ಗೊತ್ತಿದೆ. ಆದರೂ ಹೇಳುತ್ತೇನೆ — ಇರು ಎಂದರೆ, ನೀವು ಹತ್ತುವವರೆಗೆ ನಾನು ಆ ಅಂಗಳ ಬಿಟ್ಟು ಕದಲುವುದಿಲ್ಲ.